ಶಿವಾರಪಟ್ಟಣದ ಕಲ್ಲಿನ ಚೆಂಡು

ಗುರುವಾರ ಬೆಳಿಗ್ಗೆ ಕೋಲಾರದ ಬಸ್‌ಸ್ಟ್ಯಾಂಡಿನಲ್ಲಿ ಎದುರಿಗಿದ್ದ ಬಸ್ಸಿನ ಬೋರ್ಡು ಓದಲಾಗದಷ್ಟು ಮಂಜು ಕವಿದಿತ್ತು. ಸಂಕ್ರಾಂತಿ ಕಳೆದಿದ್ದರೂ ಚಳಿ ಬಿಟ್ಟಿರಲಿಲ್ಲ. ನನ್ನ ಹೆಗಲಲ್ಲಿ ಉದ್ದನೆಯ ಕಿಟ್ ಚೀಲ. ಅದರಲ್ಲಿ ಒಂದು ಬ್ಯಾಟು, ಕೆಲವು ಚೆಂಡು, ಗ್ಲೌಸು, ಹಳೆಯ ಸ್ಕೂಟರ್ ಟ್ಯೂಬನ್ನು ಉದ್ದಕ್ಕೆ ಸೀಳಿ ಮಾಡಿಕೊಂಡ ರಬ್ಬರ್ ಪಟ್ಟಿಗಳು. ಮುಳಬಾಗಿಲಿನ ಬಸ್ಸು ಹತ್ತಿ ಕೂತೆ. ಕಂಡಕ್ಟರ್ ನನಗೆ ಹೆಂಗಸರ ಶೂನ್ಯ ಟಿಕೆಟ್ ಹರಿದುಕೊಟ್ಟು ಚೀಲದ ಕಡೆ ನೋಡಿದ.

“ಏನ್ ಮೇಡಂ, ಕ್ರಿಕೆಟ್ಟಾ?”

“ಅಲ್ಲಪ್ಪ, ಸಾಫ್ಟ್‌ಬಾಲ್.”

“ಅದ್ಯಾವ್ದು? ನಮ್ ಕಡೆ ಯಾರಾಡ್ತಾರೆ ಅದ್ನ?”

“ನಮ್ ಜಿಲ್ಲೆ ಹೆಣ್ಮಕ್ಕಳು ಆಡ್ತಾರೆ. ನಿಮ್ ಬಸ್ಸಲ್ಲೇ ನೇತಾಡ್ಕೊಂಡು ಪ್ರಾಕ್ಟೀಸಿಗೆ ಬರ್ತಾರೆ. ಇನ್ಮೇಲೆ ಹತ್ತಿದ್ರೆ ಒಂದು ಸೀಟು ಬಿಡ್ಸಿಕೊಡಿ.”

ಪಕ್ಕದಲ್ಲಿದ್ದ ಹೂವಿನ ಬುಟ್ಟಿಯ ಹೆಂಗಸು ನಕ್ಕಳು. ನಾನು ಸ್ವಲ್ಪ ಬಾಯಿ ಜೋರಿನವಳು. ಕೋಲಾರದ ಕಾಲೇಜೊಂದರಲ್ಲಿ ದೈಹಿಕ ಶಿಕ್ಷಣದ ಮೇಡಂ ಆಗಿ ಇಷ್ಟು ವರ್ಷ ಕಳೆದ ಮೇಲೂ “ಕ್ರಿಕೆಟ್ಟಾ?” ಎಂಬ ಪ್ರಶ್ನೆ ಕೇಳಿದರೆ ಮೈ ಉರಿಯುತ್ತದೆ. ಟೊಮೇಟೊ ಮಾರ್ಕೆಟ್ಟಿನ ಹೆಸರು ಎಲ್ಲರಿಗೂ ಗೊತ್ತು, ನಮ್ಮ ಹುಡುಗಿಯರ ಹೆಸರು ಯಾರಿಗೂ ಗೊತ್ತಿಲ್ಲ.

ಈ ಓಡಾಟಕ್ಕೆ ಕಾರಣವಿತ್ತು. ಮುಂದಿನ ವಾರ ದಾಟಿ ಬರುವ ಭಾನುವಾರ ಜಿಲ್ಲಾ ತಂಡದ ಆಯ್ಕೆ. ಅದಕ್ಕೆ ಮೊದಲು ಕೋಲಾರದಲ್ಲಿ ಒಂದು ವಾರದ ಶಿಬಿರ. ಹುಡುಗಿಯರು ಹಬ್ಬದ ರಜೆಗೆ ಊರಿಗೆ ಹೋಗಿದ್ದರು. ಮೈ ಹದಗೆಡದಂತೆ ಮನೆಯಲ್ಲೇ ಮಾಡುವ ಕಸರತ್ತು ಹೇಳಿ ಕಳಿಸಿದ್ದೆ. ಫೋನ್ ಮಾಡಿ ಕೇಳಿದರೆ ಎಲ್ಲರದೂ ಒಂದೇ ಉತ್ತರ, “ಮಾಡ್ತಿದೀವಿ ಮಿಸ್.” ಈ ಮಾತನ್ನು ನಂಬಿ ಕೂತರೆ ನಾನು ಮೇಡಂ ಆಗಿ ಏನು ಪ್ರಯೋಜನ? ಮುಳಬಾಗಿಲು, ಶ್ರೀನಿವಾಸಪುರ, ಮಾಲೂರು ಮೂರೂ ಕಡೆ ಕಣ್ಣಾರೆ ನೋಡಿ ಬರೋಣವೆಂದು ಎರಡು ದಿನ ರಜೆ ಹಾಕಿ ಹೊರಟಿದ್ದೆ.

ಮುಳಬಾಗಿಲು ತಲುಪುವ ಹೊತ್ತಿಗೆ ಬಿಸಿಲು ಬಂದಿತ್ತು. ಬಸ್‌ಸ್ಟ್ಯಾಂಡಿನ ಹತ್ತಿರ ತುಪ್ಪ ಸುರಿದ ದೋಸೆ ತಿಂದೆ. ಹುಡುಗಿಯರಿಗೆ ಎಣ್ಣೆ ತಿಂಡಿ ಬೇಡ ಎಂದು ಪಾಠ ಹೇಳುವವಳು ಎರಡನೆಯದನ್ನೂ ತಿಂದೆ. ಮುಳಬಾಗಿಲಿಗೆ ಬಂದು ದೋಸೆ ಬಿಟ್ಟು ಹೋಗುವಷ್ಟು ವೈರಾಗ್ಯ ನನಗಿಲ್ಲ. ಅಲ್ಲಿಂದ ಆಟೊದಲ್ಲಿ ಭವ್ಯಳ ಊರಿಗೆ ಹೋದೆ. ಭವ್ಯ ನಮ್ಮ ಕ್ಯಾಚರ್. ಆಟ ಮುಗಿಯುವವರೆಗೂ ಬ್ಯಾಟು ಹಿಡಿದವಳ ಹಿಂದೆ ಕುಕ್ಕರಗಾಲಲ್ಲಿ ಕೂತು, ಬರುವ ಚೆಂಡನ್ನೆಲ್ಲ ಹಿಡಿಯುವ ಕೆಲಸ. ತೊಡೆಯಲ್ಲಿ ಕಸುವಿಲ್ಲದಿದ್ದರೆ ಅರ್ಧ ಆಟಕ್ಕೇ ಕಾಲು ನಡುಗುತ್ತದೆ.

ಹೋದಾಗ ಭವ್ಯ ಅಂಗಳದಲ್ಲೂ ಹಾಗೇ ಕುಕ್ಕರಗಾಲಲ್ಲಿ ಕೂತು ಅವರೆಕಾಯಿ ಸುಲಿಯುತ್ತಿದ್ದಳು. ಮಣೆ ಪಕ್ಕದಲ್ಲೇ ಇತ್ತು, ಅದರ ಮೇಲೆ ಬೆಕ್ಕು ಮಲಗಿತ್ತು. ಅವಳ ಅಜ್ಜಿ ನನ್ನನ್ನು ಕಂಡದ್ದೇ ತೆಲುಗು ಬೆರೆಸಿ ದೂರು ತೆಗೆದರು.

“ರಾಮ್ಮಾ ಟೀಚರಮ್ಮಾ, ರಾ. ನೋಡಿ ಇವಳ್ನ. ಹಿಟ್ಟು ಕಲಸೋವಾಗ್ಲೂ ಹಿಂಗೇ, ಟೀವಿ ನೋಡೋವಾಗ್ಲೂ ಹಿಂಗೇ. ಮನೇಗೆ ಬಂದೋರು ಏನನ್ಕೋತಾರೆ?”

“ಜಿಲ್ಲೆಗೇ ಇಂಥ ಕಾಲು ಇನ್ನೊಬ್ಬಳಿಗಿಲ್ಲ ಅನ್ಕೋತಾರೆ ಅವ್ವಾ,” ಎಂದೆ. ಅಜ್ಜಿಗೆ ಒಳಗೊಳಗೇ ಖುಷಿಯಾಯಿತು. ಕಾಫಿಗೆ ಬೆಲ್ಲ ಒಂದು ಹಿಡಿ ಜಾಸ್ತಿಯೇ ಬಿತ್ತು.

ಹೊರಡುವಾಗ ಭವ್ಯ ಆಟೊವರೆಗೂ ಬಂದು ದನಿ ತಗ್ಗಿಸಿದಳು.

“ಮಿಸ್, ನಂದಿನಿಗೆ ಹೆಗಲು ನೋಯ್ತಿದ್ಯಂತೆ. ಕೈ ಮೇಲೆತ್ತಿ ಜಡೆ ಹಾಕ್ಕೊಳ್ಳೋಕೂ ಆಗ್ತಿಲ್ವಂತೆ. ನಿಮ್ಗೆ ಹೇಳ್ಬೇಡ ಅಂದಿದ್ಳು. ಅವ್ರಪ್ಪಂಗಂತೂ ಗೊತ್ತಾಗ್ಲೇಬಾರ್ದಂತೆ.”

“ಯಾಕೆ? ಅವ್ರಪ್ಪ ಹೊಡೀತಾರಾ?”

“ಅಯ್ಯೋ, ಇಲ್ಲ ಮಿಸ್! ಅವ್ರು ಬಂಗಾರದಂಥೋರು. ಯಾಕೋ ಗೊತ್ತಿಲ್ಲ.”

ಶಿವಾರಪಟ್ಟಣದ ನಂದಿನಿ ನಮ್ಮ ಪಿಚರ್. ಸಾಫ್ಟ್‌ಬಾಲಿನಲ್ಲಿ ಪಿಚರ್ ಕೈಯನ್ನು ಗಾಲಿಯ ಹಾಗೆ ಪೂರ್ತಿ ಒಂದು ಸುತ್ತು ಸುತ್ತಿಸಿ, ಸೊಂಟದ ಪಕ್ಕದಿಂದ ಚೆಂಡು ಬಿಡಬೇಕು. ಆ ವೇಗ ನಮ್ಮಲ್ಲಿ ಬೇರೆ ಯಾರ ಕೈಗೂ ಬಂದಿಲ್ಲ. ಅವಳಿಲ್ಲದೆ ತಂಡವಿಲ್ಲ ಎಂಬುದು ಒಂದು ಮಾತು. ಈ ವಯಸ್ಸಿನಲ್ಲಿ ಹೆಗಲು ಕೆಟ್ಟರೆ ಮುಂದೆ ಅವಳಿಗೆ ಆಟವೇ ಇಲ್ಲ ಎಂಬುದು ಇನ್ನೊಂದು. ಆಟೊದಲ್ಲಿ ಕೂತು ಅವಳಿಗೆ ಫೋನ್ ಮಾಡಿದೆ, ಎತ್ತಲಿಲ್ಲ.

ಶ್ರೀನಿವಾಸಪುರದ ದಾರಿಯುದ್ದಕ್ಕೂ ಮಾವಿನ ತೋಪುಗಳು ಹೂ ಬಿಟ್ಟು ನಿಂತಿದ್ದವು. ಬಸ್ಸಿನೊಳಗೂ ಆ ವಾಸನೆ. ಬೇರೆ ದಿನವಾಗಿದ್ದರೆ ಕಿಟಕಿಗೆ ಮುಖ ಕೊಟ್ಟು ಕೂರುತ್ತಿದ್ದೆ. ಅಂದು ಫೋನನ್ನೇ ನೋಡುತ್ತಿದ್ದೆ. ಊರಿಂದಾಚೆಯ ತೋಪಿನಲ್ಲಿ ಅನಿತ ಎರಡು ಸಾಲು ಮರಗಳ ನಡುವೆ ಓಡುತ್ತಿದ್ದಳು. ದೂರದ ಚೆಂಡು ಹಿಡಿಯುವವಳು ಇವಳು. ಪೂರ್ತಿ ಜೋರಾಗಿ ಒಂದು ಓಟ, ನಡೆದು ವಾಪಸ್ಸು, ಮತ್ತೆ ಓಟ. ನಾನು ಹೇಳಿಕೊಟ್ಟಿದ್ದನ್ನು ಒಂದಿಷ್ಟೂ ಬಿಟ್ಟಿರಲಿಲ್ಲ. ಅವಳ ಅಪ್ಪ ಬದುವಿನ ಮೇಲೆ ನಿಂತು ಕೂಗುತ್ತಿದ್ದರು.

“ಲೇ, ಕೊಂಬೆಗೆ ತಗಲ್ಬೇಡ ಕಣೇ, ಹೂ ಉದುರ್ತದೆ!” ಆಮೇಲೆ ನನ್ನ ಕಡೆ ತಿರುಗಿ, “ಎಂಗೆ ಓಡ್ತಾಳೆ ನೋಡಿದ್ರಾ ಮೇಡಂ? ನಮ್ ಮನ್ತನ್ದಾಗೆ ಇಂಗೆ ಓಡಿದೋರು ಯಾರೂ ಇಲ್ಲ,” ಎಂದರು. ಬೈಗುಳ ಮತ್ತು ಹೊಗಳಿಕೆ ಒಂದೇ ಉಸಿರಿಗೆ. ಅವರ ಮನೆಯಲ್ಲಿ ಮುದ್ದೆ, ಹಿತಕಿದ ಅವರೆಬೇಳೆ ಸಾರು ಊಟ ಮಾಡಿ, ಸಂಜೆಯ ಬಸ್ಸಿಗೆ ಕೋಲಾರಕ್ಕೆ ಮರಳಿದೆ. ಎರಡು ಊರು ನೋಡಿ ಹೆಮ್ಮೆಯಿಂದ ಹಿಗ್ಗಬೇಕಾಗಿದ್ದ ಮನಸ್ಸು ಮೂರನೆಯ ಊರಿನಲ್ಲಿ ಸಿಕ್ಕಿಕೊಂಡಿತ್ತು.

ಶುಕ್ರವಾರ ಮೊದಲ ಬಸ್ಸಿಗೇ ಮಾಲೂರಿಗೆ ಹೋದೆ. ಇಟ್ಟಿಗೆ ಗೂಡುಗಳ ಹೊಗೆ ಮಂಜಿನಲ್ಲಿ ಬೆರೆತು ಕಣ್ಣು ಉರಿಯುತ್ತಿತ್ತು. ಒಂದು ಟೀ ಕುಡಿದು ಶಿವಾರಪಟ್ಟಣದ ಶೇರ್ ಆಟೊ ಹತ್ತಿದೆ. ತಲೆಗೆ ಮೂವತ್ತು ರೂಪಾಯಿ. ಕಿಟ್ ಚೀಲಕ್ಕೂ ಒಂದು ತಲೆ ಲೆಕ್ಕ ಹಾಕಲು ಬಂದ ಡ್ರೈವರನ್ನು ಒಂದು ನೋಟದಲ್ಲೇ ಸುಮ್ಮನಾಗಿಸಿದೆ.

ಶಿವಾರಪಟ್ಟಣದಲ್ಲಿ ಆಟೊ ಇಳಿಯುವ ಮೊದಲೇ ಉಳಿಯ ಸದ್ದು ಕೇಳುತ್ತದೆ. ರಸ್ತೆಯ ಎರಡೂ ಕಡೆ ಅರ್ಧ ಮುಖದ ಗಣಪತಿಗಳು, ಇನ್ನೂ ಬಾಲ ಮೂಡದ ಆಂಜನೇಯರು. ನಂದಿನಿಯ ಅಪ್ಪ ನಾಗೇಶಾಚಾರ್ರು ಶೆಡ್ಡಿನಲ್ಲಿ ಒಂದು ಕರಿಕಲ್ಲಿನ ಮುಂದೆ ಕೂತಿದ್ದರು. ನನ್ನನ್ನು ಕಂಡು ಕೈಯ ಪುಡಿ ಕೊಡವಿಕೊಂಡು ಎದ್ದರು.

“ಬನ್ನಿ ಮೇಡಂ, ಬನ್ನಿ. ಲೇ ನಂದಿನೀ, ಮೇಡಂ ಬಂದವ್ರೆ, ಅದನ್ನ ತಗೊಂಡ್ ಬಾ ಹೊರಕ್ಕೆ! ಮೇಡಂ ನೋಡ್ಲಿ.”

ನಂದಿನಿ ಬಂದಳು. ಜಡೆ ಹಾಕಿರಲಿಲ್ಲ, ಕೂದಲನ್ನು ರಬ್ಬರ್ ಬ್ಯಾಂಡಿನಲ್ಲಿ ಸುಮ್ಮನೆ ಕಟ್ಟಿದ್ದಳು. ಎಡಗೈಯಲ್ಲಿ ಒಂದು ಕೆಂಪು ಬಟ್ಟೆಯ ಗಂಟು. ಬಿಚ್ಚಿದರೆ ಒಳಗೆ ಕಲ್ಲಿನ ಚೆಂಡು.

ನಾನು ಅಂಥದ್ದನ್ನು ಎಲ್ಲಿಯೂ ಕಂಡಿಲ್ಲ. ಅಳತೆ ನಮ್ಮ ಚೆಂಡಿನದೇ, ಕೂದಲೆಳೆಯಷ್ಟೂ ಹೆಚ್ಚುಕಡಿಮೆಯಿಲ್ಲ. ಚರ್ಮದ ಮೇಲಿನ ಹೊಲಿಗೆಗಳನ್ನೂ ಒಂದೊಂದಾಗಿ ಕೆತ್ತಿದ್ದರು. ಕೃಷ್ಣಶಿಲೆ, ದೇವರ ವಿಗ್ರಹಕ್ಕೆ ತರುವ ಕಲ್ಲು. ಎಣ್ಣೆ ಹಾಕಿ ಉಜ್ಜಿದ್ದಕ್ಕೆ ಮಿರಿಮಿರಿ ಮಿಂಚುತ್ತಿತ್ತು. ಕೈಗೆತ್ತಿಕೊಂಡೆ, ಒಂದು ಕೇಜಿಗೂ ಜಾಸ್ತಿ ಭಾರ. ಕಣ್ಣಿಗೇನೋ ಸಂತೋಷವಾಯಿತು, ಆದರೆ ಹೆಗಲು ಯಾಕೆ ನೋಯುತ್ತಿದೆ ಎಂಬುದು ನನ್ನ ಅಂಗೈಯಲ್ಲೇ ಇತ್ತು.

ರಜೆಗೆ ಮುಂಚೆ ಹುಡುಗಿಯರಿಗೆ ಮಣಿಕಟ್ಟಿನ ಒಂದು ಅಭ್ಯಾಸ ತೋರಿಸಿದ್ದೆ. ಹಳೆಯ ಕಾಲ್ಚೀಲದಲ್ಲಿ ಒಂದು ಹಿಡಿ ಮರಳು ಕಟ್ಟಿ, ಕೂತಲ್ಲೇ, ಮಣಿಕಟ್ಟಿನಿಂದ ಮಾತ್ರ ಮೆಲ್ಲಗೆ ಚಿಮ್ಮಿಸುವುದು. ನಂದಿನಿ ಅದನ್ನು ಮನೆಯಲ್ಲಿ ಹೇಳಿದ್ದಳು.

“ಕಾಲ್ಚೀಲ ಅಂದ್ಳು ಮೇಡಂ,” ಆಚಾರ್ರು ನಗುತ್ತಾ ಹೇಳಿದರು. “ನಂಗೆ ಮನ್ಸು ಒಪ್ಲಿಲ್ಲ. ನಮ್ಮೂರಿಂದ ಎಲ್ಲೆಲ್ಲಿಗೋ ದೇವ್ರು ಹೋಗ್ತದೆ. ಅಂಥಾದ್ರಲ್ಲಿ ನನ್ ಮಗಳು ಹಳೇ ಕಾಲ್ಚೀಲ ಎಸ್ಕೊಂಡು ಕೂತ್ಕೊಬೇಕಾ? ದಿನಾ ಸಂಜೆ ಕೆಲ್ಸ ಮುಗಿದ್ಮೇಲೆ ಕೂತು ಮಾಡ್ದೆ. ಈಗ ದಿನಾ ಇದ್ರಲ್ಲೇ, ಪೂರ್ತಿ ಕೈ ಸುತ್ತಿಸಿ ಮರಳ್ ಗುಡ್ಡೆಗೆ ಎಸೀತಾಳೆ. ನಾನೇ ನಿಂತು ನೋಡ್ತೀನಿ.”

ನಂದಿನಿ ನೆಲ ನೋಡುತ್ತಿದ್ದಳು. ಈಗ ಅರ್ಥವಾಯಿತು. ಅಪ್ಪ ಅಷ್ಟು ಆಸೆಯಿಂದ ಮಾಡಿಕೊಟ್ಟಿದ್ದನ್ನು ನೋಯುತ್ತದೆ ಎಂದು ಕೆಳಗಿಡಲು ಅವಳಿಗೆ ಬಾಯಿ ಬಂದಿರಲಿಲ್ಲ. ಬೇರೆ ಯಾರಾದರೂ ಆಗಿದ್ದರೆ ನಾನು ಅಲ್ಲೇ ಕೂಗಾಡಿಬಿಡುತ್ತಿದ್ದೆ. ಆ ಹೊಲಿಗೆಗಳನ್ನು ನೋಡಿದ ಮೇಲೆ ಜೋರು ಮಾಡಲು ನನಗೂ ಬಾಯಿ ಬರಲಿಲ್ಲ.

“ಆಚಾರ್ರೇ, ವಿಗ್ರಹಕ್ಕೆ ಕಲ್ಲು ಆರಿಸೋದು ಹೇಗೆ?” ಎಂದು ಕೇಳಿದೆ.

ಅವರು ಸಣ್ಣ ಸುತ್ತಿಗೆಯಿಂದ ಎದುರಿಗಿದ್ದ ಕಲ್ಲನ್ನು ತಟ್ಟಿದರು. ಗಂಟೆಯ ಹಾಗೆ ಖಣ್ಣೆಂದಿತು. ಮೂಲೆಯಲ್ಲಿ ಬಿದ್ದಿದ್ದ ಇನ್ನೊಂದನ್ನು ತಟ್ಟಿದರು. ಬೊದ್ದೆಂದಿತು.

“ಇದ್ರೊಳಗೆ ಬಿರುಕದೆ. ಕಣ್ಣಿಗೆ ಕಾಣಲ್ಲ. ಕಣ್ಮುಚ್ಕೊಂಡು ಕೇಳಿದ್ರೆ ಗೊತ್ತಾಗ್ತದೆ. ಇದ್ರಲ್ಲಿ ದೇವ್ರನ್ನ ಮಾಡೋಂಗಿಲ್ಲ.”

ನಾನು ನಂದಿನಿಯ ಬಲಗೈಯನ್ನು ಹಿಡಿದು ನಿಧಾನವಾಗಿ ಪಕ್ಕಕ್ಕೆ ಎತ್ತಿದೆ. ಹೆಗಲಿನ ಮಟ್ಟಕ್ಕೆ ಬರುತ್ತಲೇ ಅವಳು ಮುಖ ಕಿವುಚಿ ಹಲ್ಲು ಕಚ್ಚಿದಳು. ಇನ್ನೊಂದು ಕೈ ಸಲೀಸಾಗಿ ತಲೆಯ ಮೇಲಕ್ಕೆ ಹೋಯಿತು. ಎರಡನ್ನೂ ಇನ್ನೊಮ್ಮೆ ಮಾಡಿ ತೋರಿಸಿದೆ.

ಆಚಾರ್ರ ನಗು ನಿಂತುಹೋಯಿತು. “ಇದ್ರಿಂದಾನಾ ಮೇಡಂ?”

“ಇದ್ರಿಂದಲೇ. ಇಷ್ಟು ಭಾರ ಹಿಡಿದು ಕೈ ಬೀಸಿದ್ರೆ ಎಳೆಯೋದೆಲ್ಲ ಹೆಗಲಿಗೆ. ಪಿಚಿಂಗಿಗೆ ಶಕ್ತಿ ಬರೋದು ಕಾಲು, ಸೊಂಟದಿಂದ. ಕೈ ಅದನ್ನ ದಾಟಿಸಿಕೊಡುತ್ತೆ ಅಷ್ಟೇ.”

“ಯಾಕೆ ಹೇಳ್ಲಿಲ್ಲ ತಾಯೀ?” ಎಂದು ಮಗಳನ್ನು ಕೇಳಿದರು. ಅವಳು ಅತ್ತುಬಿಟ್ಟಳು. “ನೀನು ಅಷ್ಟು ಚೆನ್ನಾಗ್ ಮಾಡಿದ್ದೆ ಅಪ್ಪ,” ಎಂದಷ್ಟೇ ಹೇಳಿದಳು.

ಆಚಾರ್ರು ಚೆಂಡನ್ನು ಕಿತ್ತುಕೊಂಡು ನೆಲಕ್ಕಿಟ್ಟು ದೊಡ್ಡ ಸುತ್ತಿಗೆ ಎತ್ತಿದರು. ನಾನು ಅಡ್ಡ ಹೋಗಿ ಚೆಂಡನ್ನು ತೆಗೆದುಕೊಂಡೆ.

“ಒಡೆದ್ರೆ ನಿಮ್ಮ ಜೊತೆ ಮಾತು ಬಿಡ್ತೀನಿ ಆಚಾರ್ರೇ. ಇದನ್ನ ಎಸೆಯೋದು ಬೇಡ. ಎರಡೂ ಕೈಯಲ್ಲಿ ಎದೆಗವಚಿಕೊಂಡು ಕೂತು ಏಳ್ಲಿ. ಕಾಲಿಗೆ ಕಸುವು ಬರುತ್ತೆ. ಇಂಥ ಚೆಂಡು ಯಾವ ಜಿಲ್ಲೆಯವ್ರ ಹತ್ರ ಇದೆ ಹೇಳಿ?”

ಅವರು ಸುತ್ತಿಗೆ ಇಳಿಸಿ, ಹೆಗಲ ಮೇಲಿನ ಟವೆಲ್ಲಿನಿಂದ ಮುಖ ಒರೆಸಿಕೊಂಡರು. ಮಧ್ಯಾಹ್ನದ ಹೊತ್ತಿಗೆ ನಂದಿನಿಯನ್ನೂ, ಕೆಂಪು ಬಟ್ಟೆಯ ಗಂಟನ್ನೂ ಕರೆದುಕೊಂಡು ಹೊರಟೆ. ಬಸ್ಸಿನಲ್ಲಿ ಅವಳು ಬಲಗಡೆಯ ಕಿಟಕಿಗೆ, ನಾನು ಅವಳ ಎಡಕ್ಕೆ, ಅವಳ ಬಲಗೈಗೆ ಯಾರೂ ತಗುಲದ ಹಾಗೆ. ಕೋಲಾರದಲ್ಲಿ ಮೂಳೆ ಡಾಕ್ಟರಿಗೆ ತೋರಿಸಿದಾಗ ಸ್ನಾಯು ಉಳುಕಿದೆ, ಹರಿದಿಲ್ಲ ಎಂದರು. ಒಂದು ವಾರ ಚೆಂಡು ಎಸೆಯಕೂಡದು, ನೋವು ಪೂರ್ತಿ ಹೋದರೆ ಮಾತ್ರ ಆಮೇಲೆ ಮೆಲ್ಲಗೆ ಶುರು ಮಾಡಲಿ ಎಂದರು. ಆಯ್ಕೆಗೆ ಇದ್ದದ್ದೇ ಒಂಬತ್ತು ದಿನ.

ಶಿಬಿರದಲ್ಲಿ ನಂದಿನಿ ಚೆಂಡು ಮುಟ್ಟಲಿಲ್ಲ. ಉಳಿದವರು ಆಡುವಾಗ ಅವಳು ಟ್ಯೂಬಿನ ಪಟ್ಟಿಯನ್ನು ಗೋಲ್ ಕಂಬಕ್ಕೆ ಕಟ್ಟಿ, ಡಾಕ್ಟರು ಹೇಳಿದಷ್ಟೇ ಎಳೆಯುತ್ತಿದ್ದಳು. ಬೆಳಿಗ್ಗೆ ಎಲ್ಲರ ಜೊತೆ ಅಂತರಗಂಗೆಯ ಮೆಟ್ಟಿಲು ಹತ್ತುತ್ತಿದ್ದಳು. ಸಂಜೆ ಕಲ್ಲಿನ ಚೆಂಡನ್ನು ಎದೆಗವಚಿ ಕೂತು ಏಳುತ್ತಿದ್ದಳು. ಅದನ್ನು ಹಿಡಿಯಲು ಹುಡುಗಿಯರಲ್ಲಿ ಜಗಳವೇ ನಡೆಯಿತು. ಶನಿವಾರ ಸಂಜೆ ನೋವಿಲ್ಲ ಎಂದಳು. ನಾನು ಎರಡೂ ಕೈ ಎತ್ತಿಸಿ, ಒತ್ತಿ, ತಿರುಗಿಸಿ ನೋಡಿದ ಮೇಲೆಯೇ ಒಪ್ಪಿ, ಹತ್ತಿರದಿಂದ ಕೆಲವು ಚೆಂಡು ಬಿಡಲು ಹೇಳಿದೆ. ಪೂರ್ತಿ ಜೋರು ಮಾತ್ರ ಬೇಡವೆಂದೆ.

ಆಯ್ಕೆಯಲ್ಲಿ ಮೂವರ ಹೆಸರೂ ಬಂತು. ಅದನ್ನು ಇಲ್ಲೇ ಹೇಳಿ ಮುಗಿಸುತ್ತೇನೆ, ಯಾಕೆಂದರೆ ನಾನು ಹೇಳಬೇಕಾದದ್ದು ಅದಕ್ಕಿಂತ ಮೊದಲಿನ ಒಂದು ಗಳಿಗೆಯ ವಿಷಯ.

ಭಾನುವಾರ ಬೆಳಿಗ್ಗೆ ಆಚಾರ್ರು ಮೈದಾನಕ್ಕೆ ಬಂದಿದ್ದರು. ಇಸ್ತ್ರಿ ಮಾಡಿದ ಬಿಳಿ ಶರ್ಟು, ಉಗುರಿನ ಸಂದಿಯಲ್ಲಿ ಮಾತ್ರ ಕಲ್ಲಿನ ಪುಡಿ. ಮಗಳು ಮೈದಾನದಲ್ಲಿ ಆಡುವುದನ್ನು ಅವರು ಒಮ್ಮೆಯೂ ನೋಡಿರಲಿಲ್ಲ. ಭವ್ಯಳ ಹಿಂದಿನ ಬಲೆಯ ಪಕ್ಕ ನನ್ನ ಜೊತೆ ನಿಂತರು. ನಂದಿನಿ ಪಿಚರ್ ಜಾಗಕ್ಕೆ ಹೋದಳು. ಅಂದು ಬೆಳಿಗ್ಗೆ ಅವಳು ತನ್ನ ಕೈಯಾರೆ ಎರಡು ಜಡೆ ಹಾಕಿಕೊಂಡಿದ್ದಳು. ನೋಡಿದರೆ ಆಚಾರ್ರು ಮಗಳ ಕಡೆ ನೋಡುತ್ತಲೇ ಇರಲಿಲ್ಲ, ಕಣ್ಣು ಮುಚ್ಚಿಕೊಂಡು ನಿಂತಿದ್ದರು. ಹೆದರಿಕೆ ಇರಬೇಕು ಅಂದುಕೊಂಡೆ.

ಅವಳ ಕೈ ಒಂದು ಸುತ್ತು ಸುತ್ತಿತು. ಚೆಂಡು ಬಂದದ್ದು ನನಗೆ ಸರಿಯಾಗಿ ಕಾಣಲಿಲ್ಲ. ಭವ್ಯಳ ಗ್ಲೌಸಿನಲ್ಲಿ ಠಪ್ ಎಂದು ಬಿದ್ದ ಸದ್ದು ಮೈದಾನದ ಆಚೆ ಕಾಂಪೌಂಡಿಗೆ ತಾಗಿ ವಾಪಸ್ಸು ಬಂತು.

ಆಚಾರ್ರು ಇನ್ನೂ ಕಣ್ಣು ತೆರೆದಿರಲಿಲ್ಲ.

“ಬಿರುಕಿಲ್ಲ ಮೇಡಂ,” ಎಂದರು.