ಫೋನು ಮುಟ್ಟಿಸುವ ಪ್ಲೇಟು, ನನ್ನ ಮೂರು ತಾಲೂಕು

ಅಂಗೈ ಅಗಲದ ಒಂದು ಪ್ಲೇಟು. ಬ್ಯಾಟರಿ ಇಲ್ಲ, ವೈರ್ ಇಲ್ಲ, ಒತ್ತುವ ಗುಂಡಿಯೂ ಇಲ್ಲ. ಅದರ ಮೇಲೆ ಫೋನು ಮುಟ್ಟಿಸಿದ ಕೂಡಲೇ ಫೋನಿನಲ್ಲಿ ಅಂಗಡಿಯ ಹೆಸರು ತಾನಾಗಿಯೇ ಬಂತು. ಮೊತ್ತ ಒತ್ತಿ, ಪಿನ್ ಹಾಕಿದರೆ ಮುಗಿಯಿತು. ಸಿಂಧನೂರಿನ ನಮ್ಮ ಮೊಬೈಲ್ ಅಂಗಡಿಯಲ್ಲಿ ಕಂಪನಿಯ ಮ್ಯಾನೇಜರು ಅದನ್ನು ಗಾಜಿನ ಕೌಂಟರ್ ಮೇಲಿಟ್ಟು ತೋರಿಸುತ್ತಿದ್ದರೆ ನನಗೆ ನಿಂತಲ್ಲಿ ನಿಲ್ಲಲಾಗಲಿಲ್ಲ. ಫೋನು ಮುಟ್ಟಿಸಿದೆ, ಎತ್ತಿದೆ, ಮತ್ತೆ ಮುಟ್ಟಿಸಿದೆ. ಕೊನೆಗೆ ಆ ಮನುಷ್ಯನೇ ಸಾಕು ಮೇಡಂ ಎಂದರು.

ಇದಕ್ಕೆ ಎನ್‌ಎಫ್‌ಸಿ ಅನ್ನುತ್ತಾರೆ, ಪ್ಲೇಟಿನೊಳಗೆ ಕೂದಲಿನಷ್ಟು ಸಣ್ಣ ತಂತಿ ಸುತ್ತಿರುತ್ತಾರೆ, ಫೋನು ಹತ್ತಿರ ಬಂದಾಗ ಫೋನಿನಿಂದಲೇ ಅದಕ್ಕೆ ಜೀವ ಬರುತ್ತದೆ ಎಂದೆಲ್ಲ ವಿವರಿಸಿದರು. ಆಮೇಲೆ ಮುಖ್ಯ ಮಾತಿಗೆ ಬಂದರು. ಸಿಂಧನೂರು, ಮಸ್ಕಿ, ಲಿಂಗಸುಗೂರು ಮೂರಕ್ಕೂ ಸೇರಿ ಒಬ್ಬ ಡೀಲರ್ ಬೇಕಾಗಿತ್ತು. ಒಂದಿಷ್ಟು ಪ್ಲೇಟು ಪುಕ್ಕಟೆ ಕೊಟ್ಟು ಹೋಗುತ್ತಾರೆ. ಮುಂದಿನ ಅಮಾವಾಸ್ಯೆ ಕಳೆದು ಎರಡು ದಿನಕ್ಕೆ ಬಂದು ಮೂರೂ ಊರಿನ ಅಂಗಡಿ ಸುತ್ತುತ್ತಾರೆ. ಪ್ಲೇಟು ನಡೆಯುತ್ತಿದ್ದರೆ ಡೀಲರ್‌ಶಿಪ್ ನಮಗೆ, ಇಲ್ಲವಾದರೆ ರಾಯಚೂರಿನ ಒಂದು ಪಾರ್ಟಿ ಬಾಗಿಲಲ್ಲೇ ಕಾದಿದೆ. ಇಷ್ಟನ್ನೂ ಅವರು ಹೇಳಿದ್ದು ನನ್ನ ಗಂಡನ ಮುಖ ನೋಡಿಕೊಂಡು. ಅವರೋ ತಲೆ ಬಗ್ಗಿಸಿ ಯಾರದೋ ಫೋನಿನ ಡಿಸ್‌ಪ್ಲೇ ಕೂಡಿಸುತ್ತಿದ್ದರು.

ಡೀಲರ್ ನಾನು ಆಗುತ್ತೇನೆ ಎಂದೆ. ಹೇಗೆ ಹೇಳಿದೆನೋ ಗೊತ್ತಿಲ್ಲ, ಬಾಯಿಂದ ಬಂದುಬಿಟ್ಟಿತು. ಮದುವೆಯಾಗಿ ಬಂದಾಗಿನಿಂದ ಈ ಅಂಗಡಿಯಲ್ಲಿ ಕೂತಿದ್ದೇನೆ. ರೀಚಾರ್ಜ್ ಮಾಡಿದ್ದೇನೆ, ಸಾವಿರಾರು ಫೋನಿಗೆ ಗುಳ್ಳೆ ಬಾರದಂತೆ ಗ್ಲಾಸ್ ಅಂಟಿಸಿದ್ದೇನೆ. ಆದರೆ ಬೋರ್ಡಿನ ಮೇಲೆ ಅವರ ಹೆಸರು, ಬಿಲ್ಲಿನ ಮೇಲೆ ಅವರ ಹೆಸರು. ಗಿರಾಕಿಗಳಿಗೆ ನಾನು ಅಕ್ಕ, ಕಂಪನಿಯವರಿಗೆ ಓನರ್ ಮಿಸೆಸ್. ನನ್ನ ಹೆಸರಿನಲ್ಲೂ ಒಂದು ವ್ಯವಹಾರ ಇರಬೇಕು ಎಂಬ ಆಸೆ ಬಹಳ ದಿನದಿಂದ ಇತ್ತು, ಆ ಪ್ಲೇಟು ನೋಡಿದ ಮೇಲೆ ಅದು ಹಟವಾಯಿತು.

ಮ್ಯಾನೇಜರು ಹೋದ ಮೇಲೆ ಗಂಡ ನಕ್ಕರು. "ಕೂಸು ಹುಟ್ಟೂಕಿಂತ ಮೊದ್ಲ ಕುಲಾವಿ ಹೊಲ್ಯಾಕತ್ತೀಯಲ್ಲ" ಎಂದರು. ನಿಂಬೆಹಣ್ಣು ಮಾರುವವಳ ಬುಟ್ಟಿಗೂ ಕ್ಯೂಆರ್ ಚೀಟಿ ಅಂಟಿದೆ, ಇನ್ನು ಇದನ್ನು ಯಾರು ಕೊಳ್ಳುತ್ತಾರೆ ಎಂಬುದು ಅವರ ಮೊದಲ ತಕರಾರು. ಅರ್ಧಕ್ಕರ್ಧ ಗಿರಾಕಿಗಳ ಫೋನಿನಲ್ಲಿ ಈ ಎನ್‌ಎಫ್‌ಸಿಯೇ ಇಲ್ಲ ಎಂಬುದು ಎರಡನೆಯದು.

ಎರಡನೆಯದು ನಿಜವೇ. ಆ ದಿನದಿಂದ ಅಂಗಡಿಗೆ ಬಂದವರ ಫೋನಿನೊಳಗೆಲ್ಲ ಇಣುಕುವುದೇ ನನ್ನ ಕೆಲಸವಾಯಿತು. ಹಳೆಯವುಗಳಲ್ಲಿ ಇರಲಿಲ್ಲ, ಹೊಸದಾಗಿ ತೆಗೆದುಕೊಂಡ ತುಸು ದುಬಾರಿಯವುಗಳಲ್ಲಿ ಇತ್ತು. ಅದು ಇದೆ ಎಂದು ಫೋನಿನ ಒಡೆಯರಿಗೇ ಗೊತ್ತಿರಲಿಲ್ಲ. ಆದರೆ ನಮ್ಮದು ಕಾಲುವೆ ನೀರಿನ ಊರು. ಗೊರೇಬಾಳದ ಕಡೆಯವರು ಭತ್ತ ಮಾರಿದರೆಂದರೆ ಮನೆಯಲ್ಲಿ ಮೊದಲು ಬದಲಾಗುವುದು ಫೋನು, ಬೈಕು ಆಮೇಲೆ. ವರ್ಷಕ್ಕೆ ಎರಡು ಬೆಳೆ. ಒಂದೊಂದು ಸುಗ್ಗಿಗೆ ಒಂದಿಷ್ಟು ಫೋನು ಬದಲಾದರೂ ನಾಲ್ಕೈದು ಸುಗ್ಗಿ ಕಳೆಯುವುದರೊಳಗೆ ಊರಿಗೆ ಊರೇ ಮುಟ್ಟಿಸುವ ಫೋನು ಹಿಡಿದಿರುತ್ತದೆ ಎಂದು ಲೆಕ್ಕ ಹಾಕಿದೆ. ದೊಡ್ಡ ಪೇಟೆಯವರು ಮಾರುಕಟ್ಟೆಯ ಭವಿಷ್ಯ ಎಂದು ಏನೇನೋ ಗೆರೆ ಎಳೆಯುತ್ತಾರಲ್ಲ, ನನ್ನದು ಇಷ್ಟೇ.

ಕ್ಯೂಆರ್ ಚೀಟಿಯ ಮಾತಿಗೂ ನನ್ನಲ್ಲಿ ಉತ್ತರವಿತ್ತು. ರೈಸ್ ಮಿಲ್ಲುಗಳ ತೌಡಿನ ಧೂಳು ಸುಗ್ಗಿಯಲ್ಲಿ ಊರ ಮೇಲೆಲ್ಲ ಕೂರುತ್ತದೆ. ಆ ಧೂಳಿಗೆ ಚೀಟಿ ಬೆಳ್ಳಗಾಗುತ್ತದೆ, ಒದ್ದೆ ಬಟ್ಟೆಯಿಂದ ಒರೆಸಿದರೆ ಬಣ್ಣವೇ ಹೋಗುತ್ತದೆ. ಬಿಸಿಲಿಗೆ ಹಿಡಿದರೆ ಫೋನಿಗೆ ಕಾಣುವುದಿಲ್ಲ. ಗಿರಾಕಿ ಮುಂದೆ ಹೋಗಿ ಹಿಂದೆ ಬಂದು ಬಗ್ಗಿ ಎದ್ದು ಕುಣಿಯಬೇಕು. ನನ್ನ ಪ್ಲೇಟಿಗೆ ಧೂಳು ಕೂತರೇನು, ಬೂದಿ ಬಳಿದರೇನು. ಮುಟ್ಟಿಸಿದರೆ ಮುಗಿಯಿತು.

ಮೊದಲ ಪ್ಲೇಟನ್ನು ಮಿಲ್ಲಿನ ಎದುರಿನ ಕಿರಾಣಿ ಅಂಗಡಿಯವನಿಗೆ ಕೊಟ್ಟೆ. ಇನ್ನೊಂದನ್ನು ಮಸ್ಕಿಯಲ್ಲಿ ಬಳೆ ಅಂಗಡಿ ಇಟ್ಟಿರುವ ಅಜ್ಜಿಗೆ, ಮತ್ತೊಂದನ್ನು ಲಿಂಗಸುಗೂರಿನ ಬಟ್ಟೆ ಅಂಗಡಿಯ ಚಾಚಾಗೆ. ಹೀಗೆ ಮೂರೂ ಊರಿನಲ್ಲಿ ಪರಿಚಯದವರನ್ನು ಹಿಡಿದು ಹಂಚಿದೆ. ಎಲ್ಲ ಕಡೆ ಗಿರಾಕಿಯ ಕೈಗೆ ಎಟಕುವಂತೆ ಗಾಜಿನ ಕೌಂಟರಿನ ಮೇಲೋ ಮರದ ಕಟ್ಟೆಯ ಮೇಲೋ ಇಟ್ಟೆ. ಅದು ನಡೆದ ಸಂಭ್ರಮ ನೋಡಬೇಕಿತ್ತು. ಕಿರಾಣಿ ಅಂಗಡಿಯವನು ಬೇಡವೆಂದರೂ ಎಲ್ಲರ ಫೋನು ಇಸಿದುಕೊಂಡು ಮುಟ್ಟಿಸಿ ನೋಡುತ್ತಿದ್ದ. ಒಬ್ಬರು ಬರೀ ಬೆಂಕಿಪೊಟ್ಟಣಕ್ಕೆ ಬಂದವರು ಮುಟ್ಟಿಸುವ ಹುಕಿಗೆ ಬೆಲ್ಲವನ್ನೂ ಕಟ್ಟಿಸಿಕೊಂಡು ಹೋದರಂತೆ. ನಾನು ದಿನಾ ಯಾವುದೋ ಒಂದು ಅಂಗಡಿಗೆ ಫೋನು ಮಾಡುತ್ತಿದ್ದೆ. ನಡೀತೈತಿ ಅಕ್ಕ ಎಂದರೆ ಹಾಲು ಕುಡಿದಷ್ಟು ಸಂತೋಷ.

ಅಮಾವಾಸ್ಯೆ ಬಂತು. ನಮ್ಮಲ್ಲಿ ಅಮಾವಾಸ್ಯೆಗೆ ಅಂಗಡಿ ಪೂಜೆ ಮಾಡದ ವ್ಯಾಪಾರಿ ಇಲ್ಲ. ತಕ್ಕಡಿಗೆ, ಬಾಗಿಲಿಗೆ, ದುಡ್ಡಿನ ಗಲ್ಲಾಪೆಟ್ಟಿಗೆಗೆ ವಿಭೂತಿ ಕುಂಕುಮ ಹಚ್ಚಿ, ಕಾಯಿ ಒಡೆದು, ಗಿರಾಕಿಗಳಿಗೆ ಚೂರು ಹಂಚುತ್ತಾರೆ. ಆ ಹೊತ್ತಿಗೆ ನಾನು ಊದುಬತ್ತಿ ಹಚ್ಚಿ, ನಾಡಿದ್ದು ಮ್ಯಾನೇಜರು ಬರುತ್ತಾರೆ, ಸುಸೂತ್ರವಾಗಲಿ ಎಂದು ಕೈಮುಗಿಯುತ್ತಿದ್ದೆ.

ಮಾರನೆಯ ಬೆಳಿಗ್ಗೆ ಶಟರ್ ಎತ್ತುವುದಕ್ಕೂ ಕಿರಾಣಿ ಅಂಗಡಿಯವನ ಫೋನು ಬರುವುದಕ್ಕೂ ಸರಿಹೋಯಿತು. "ಅಕ್ಕಾ, ನಿನ್ನ ಪ್ಲೇಟು ಸತ್ತೈತಿ ನೋಡು. ನಿನ್ನೆ ಚೊಲೋ ಪೂಜಿ ಮಾಡೀವಿ, ಇವತ್ತ ಉಸಿರಿಲ್ಲ" ಎಂದ. ಓಡಿದೆ. ನನ್ನ ಫೋನು ಮುಟ್ಟಿಸಿದೆ. ಏನೂ ಇಲ್ಲ. ಅಲ್ಲಿರುವಾಗಲೇ ಲಿಂಗಸುಗೂರಿನ ಚಾಚಾ ಫೋನು ಮಾಡಿದರು. ಅಲ್ಲೂ ಸತ್ತಿತ್ತು. ಆಮೇಲೆ ಒಂದೊಂದೇ ಅಂಗಡಿಗೆ ನಾನೇ ವಿಚಾರಿಸುತ್ತಾ ಹೋದೆ. ಸತ್ತಿದೆ, ಸತ್ತಿದೆ, ಸತ್ತಿದೆ. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಎನ್ನುತ್ತಾರಲ್ಲ, ಹಾಗಾಯಿತು ನನ್ನ ಪಾಡು. ಅಳು ಬರಲಿಲ್ಲ, ಸಿಟ್ಟು ಬಂತು. ಯಾರ ಮೇಲೆ ಎಂದು ಗೊತ್ತಾಗದೆ ಗಂಡನ ಮೇಲೆ ಹರಿಹಾಯ್ದೆ. ಅವರು ಅಂಗಡಿ ಮುಚ್ಚಿ ಬೈಕು ಹೊರಗೆ ತೆಗೆದರು.

ಲಿಂಗಸುಗೂರಿಗೆ ಹೋಗುವ ದಾರಿಯಲ್ಲೇ ಮಸ್ಕಿ. ಬಳೆ ಅಂಗಡಿಯ ಅಜ್ಜಿ ಫೋನು ಎತ್ತಿರಲಿಲ್ಲವಾದ್ದರಿಂದ ಮೊದಲು ಅಲ್ಲಿ ಇಳಿದೆವು. ಪಾಮನಕಲ್ಲೂರಿನಿಂದ ಬಂದಿದ್ದ ಒಬ್ಬ ಹೆಂಗಸು ಎರಡೂ ಕೈತುಂಬಾ ಹಸಿರು ಬಳೆ ತೊಟ್ಟು, ಫೋನನ್ನು ಪ್ಲೇಟಿಗೆ ಮುಟ್ಟಿಸಿದಳು. ದುಡ್ಡು ಬಂತೆಂದು ಸೌಂಡ್ ಬಾಕ್ಸು ಕೂಗಿತು. ನಾನು ಬಾಗಿಲಲ್ಲೇ ನಿಂತುಬಿಟ್ಟೆ. ಎಲ್ಲ ಕಡೆ ಸತ್ತಿರುವುದು ಇಲ್ಲಿ ಹೇಗೆ ಬದುಕಿದೆ?

ಹತ್ತಿರ ಹೋಗಿ ನೋಡಿದೆ. ನಾನು ಕೌಂಟರಿನ ಮೇಲೆ ಇಟ್ಟುಹೋದ ಪ್ಲೇಟು ಅಲ್ಲಿರಲಿಲ್ಲ. ಕುಂಕುಮ ಹಚ್ಚಿಸಿಕೊಂಡು ಕಬ್ಬಿಣದ ಗಲ್ಲಾಪೆಟ್ಟಿಗೆಯ ಮೇಲೆ ಏರಿ ಕೂತಿತ್ತು. ಯಾಕಜ್ಜಿ ಎಂದು ಕೇಳಿದರೆ ಅವಳು ನನ್ನನ್ನೇ ದಡ್ಡಿಯಂತೆ ನೋಡಿದಳು. ದುಡ್ಡು ತರುವವಳು ಲಕ್ಷ್ಮಿ, ಅವಳ ಜಾಗ ಗಲ್ಲಾ, ಎಲ್ಲರೂ ಮೊಣಕೈ ಊರುವ ಕೌಂಟರಲ್ಲ. ಅಮಾವಾಸ್ಯೆಯ ದಿನ ಒಳ್ಳೆಯ ಗಳಿಗೆ ನೋಡಿ ಅಲ್ಲಿಗೆ ಕರೆದು ಕೂಡಿಸಿದ್ದಳು. ಆಗ ನನಗೆ ಹೊಳೆಯಿತು. ಕಿರಾಣಿ ಅಂಗಡಿಯಲ್ಲೂ ಪ್ಲೇಟು ಗಲ್ಲಾದ ಮೇಲೇ ಅಂಟಿತ್ತು. ಗಾಬರಿಯಲ್ಲಿ ನೋಡಿಯೂ ನೋಡಿರಲಿಲ್ಲ. ಉಳಿದವರಿಗೂ ಫೋನು ಮಾಡಿ ಕೇಳಿದರೆ, ಒಬ್ಬರಿಗೊಬ್ಬರು ಹೇಳಿಕೊಳ್ಳದೆ ಮೂರೂ ಊರಿನವರು ಒಂದೇ ದಿನ ಅದೇ ಕೆಲಸ ಮಾಡಿದ್ದರು.

ಗಲ್ಲಾದ ಕಬ್ಬಿಣವೇ ಪ್ಲೇಟನ್ನು ಕೊಂದಿರಬೇಕು ಎಂದುಕೊಂಡರೆ ಅಜ್ಜಿಯದೂ ಕಬ್ಬಿಣದ ಗಲ್ಲಾವೇ. ಪ್ಲೇಟನ್ನು ಮೆಲ್ಲಗೆ ಎತ್ತಿದರೆ ಕೆಳಗೆ ಹೆಬ್ಬೆರಳು ದಪ್ಪದ, ದೇವರ ಮನೆಯ ಒಂದು ಪುಟ್ಟ ಮರದ ಮಣೆ.

"ಲಕ್ಷ್ಮಿನ್ನ ಬರೀ ಕಬ್ಬಿಣದ ಮ್ಯಾಲೆ ಕುಂದ್ರಸ್ತಾರೇನ ಯವ್ವಾ? ಮನಿಗೆ ಬಂದಾಕಿಗೆ ಮಣಿ ಹಾಕಬೇಕು" ಎಂದಳು ಅಜ್ಜಿ.

ಮಣೆ ಸರಿಸಿ ಪ್ಲೇಟನ್ನು ನೇರ ಗಲ್ಲಾದ ಮೇಲಿಟ್ಟು ಫೋನು ಮುಟ್ಟಿಸಿದೆ. ಸತ್ತಿತು. ಮಣೆಯ ಮೇಲಿಟ್ಟೆ. ಎದ್ದಿತು. ನಾನು ಬೀದಿಯವರೆಲ್ಲ ತಿರುಗಿ ನೋಡುವಷ್ಟು ಜೋರಾಗಿ ನಕ್ಕೆ. ಇಷ್ಟು ದಿನ ಆ ಪ್ಲೇಟಿನ ಸುದ್ದಿಗೇ ಬರದ ನನ್ನ ಗಂಡ ತಮ್ಮ ಫೋನು ತೆಗೆದು ತಾವೂ ಮುಟ್ಟಿಸಿದರು, ಮತ್ತೊಮ್ಮೆ ಮುಟ್ಟಿಸಿದರು. ಅವರ ಮುಖ ನೋಡಿ ನನಗೆ ಇನ್ನಷ್ಟು ಹಿಗ್ಗು.

ಕಂಪನಿಯ ಎಂಜಿನಿಯರಿಗೆ ಫೋನು ಹಚ್ಚಿದೆ. ಹೌದು, ಕೆಳಗೆ ಕಬ್ಬಿಣವೋ ಸ್ಟೀಲೋ ಇದ್ದರೆ ಫೋನು ಕೊಡುವ ಶಕ್ತಿಯನ್ನೆಲ್ಲ ಅದೇ ನುಂಗುತ್ತದೆ, ಅದಕ್ಕೆಂದೇ ಬೇರೆ ನಮೂನೆಯ ಪ್ಲೇಟು ಇದೆ, ಬರುವ ತಿಂಗಳು ಕಳಿಸುತ್ತೇವೆ ಎಂದರು. ಬರುವ ತಿಂಗಳು ತಗೊಂಡು ನಾನೇನು ಮಾಡಲಿ? ಮ್ಯಾನೇಜರು ಬರುವುದು ನಾಳೆ.

ಎಲ್ಲ ಪ್ಲೇಟನ್ನೂ ಮತ್ತೆ ಕೌಂಟರಿಗೆ ಇಳಿಸಿದರಾಯಿತು ಎಂದುಕೊಂಡೆ. ಲಿಂಗಸುಗೂರಿಗೂ ಸಿಂಧನೂರಿಗೂ ಫೋನಿನಲ್ಲೇ ಹೇಳಿ ನೋಡಿದೆ. ಯಾರೂ ಒಪ್ಪಲಿಲ್ಲ. ಕೂಡಿಸಿದ ಲಕ್ಷ್ಮಿಯನ್ನು ಮಾರನೆಯ ದಿನವೇ ಎಬ್ಬಿಸಿದರೆ ಅವಳು ಎದ್ದೇ ಹೋಗುತ್ತಾಳೆ ಎಂದು ಕಿರಾಣಿ ಅಂಗಡಿಯವನು ಖಡಾಖಂಡಿತ ಹೇಳಿದ. ಪೂಜೆಯ ಗೊಡವೆ ಇಲ್ಲದ ಚಾಚಾ ಕೂಡ ಬರಕತ್ ಬರುವ ಜಾಗ ಗಲ್ಲಾವೇ ಎಂದು, ಅಕ್ಕಪಕ್ಕದವರ ಪೂಜೆ ನೋಡಿ ಅದೇ ದಿನ ಅಲ್ಲೇ ಅಂಟಿಸಿ ಲೋಬಾನದ ಹೊಗೆ ಹಾಕಿದ್ದರು. ಅವರೂ ಜಪ್ಪಯ್ಯ ಎಂದರೂ ಒಪ್ಪಲಿಲ್ಲ. ಹೊಸ ಹವಾಯಿ ಚಪ್ಪಲಿಯ ರಬ್ಬರು ಕತ್ತರಿಸಿ ಅಡಿಗೆ ಇಡೋಣವೇ ಎಂದರು ನನ್ನ ಗಂಡ. ಅಜ್ಜಿ ನೋಡಿದ ನೋಟಕ್ಕೆ ಆ ಮಾತನ್ನು ಅಲ್ಲಿಯೇ ನುಂಗಿದರು.

ಎಬ್ಬಿಸುವುದು ಬೇಡ, ಮಣೆ ಹಾಕೋಣ ಎಂದೆ ನಾನು. ಅದಕ್ಕೆ ಯಾರೂ ಇಲ್ಲ ಎನ್ನುವಂತಿರಲಿಲ್ಲ.

ಮಸ್ಕಿಯಲ್ಲೇ ಬಾಗಿಲ ಚೌಕಟ್ಟು ಮಾಡುವ ಒಬ್ಬ ಬಡಿಗರನ್ನು ಹಿಡಿದೆವು. ಉಳಿದ ತುಂಡುಗಳನ್ನು ಅಂಗೈ ಅಗಲಕ್ಕೆ ಕೊಯ್ದು ಕೊಡಿ ಎಂದರೆ, ಯಾವ ದೇವರಿಗೆ ಎಂದು ಕೇಳಿದರು. ಲಕ್ಷ್ಮಿಗೆ ಎಂದು ಬಾಯಿತಪ್ಪಿ ಹೇಳಿದ್ದೇ ತಪ್ಪಾಯಿತು. ಪ್ರತಿಯೊಂದಕ್ಕೂ ಉಜ್ಜುಗೊರಡು ಹೊಡೆದು, ಅಂಚು ದುಂಡು ಮಾಡಿ, ಪುಟ್ಟ ಕಾಲು ಬೇರೆ ಕೂಡಿಸತೊಡಗಿದರು. ನನ್ನ ತಾಳ್ಮೆ ಮೊದಲೇ ಅಷ್ಟಕ್ಕಷ್ಟೆ. ಕಾಲು ಬೇಡ, ಓಡಬೇಕು ಎಂದು ಎಷ್ಟು ಗೋಗರೆದರೂ ಅವರು ಕೇಳಲಿಲ್ಲ, ಕಾಲಿಲ್ಲದ್ದಕ್ಕೆ ಹಲಗೆ ಎನ್ನುತ್ತಾರೆ ಎಂದರು. ಕೊನೆಗೆ ಚೀಲ ತುಂಬ ಮಣೆ ಕಟ್ಟಿಕೊಂಡು ಲಿಂಗಸುಗೂರಿಗೆ ಹೊರಟಾಗ ಬಿಸಿಲು ಇಳಿದಿತ್ತು. ಗಾಡಿಯ ಮೇಲೆ ನಾನು ಹಾಡು ಗುನುಗುತ್ತಿದ್ದೆನಂತೆ, ಗಂಡ ಆಮೇಲೆ ಹೇಳಿದರು.

ಚಾಚಾ ಮಣೆ ನೋಡಿ ಖುಷಿಯಾದರು. ಬಟ್ಟೆ ವ್ಯಾಪಾರಿಯ ಗಲ್ಲಾದ ಮೇಲೆ ಬರಿಗಟ್ಟಿಗೆ ಚೆಂದವಲ್ಲ ಎಂದು ಜರಿ ಅಂಚಿನ ತುಂಡೊಂದನ್ನು ಹಾಸಲು ಬಂದರು. ಜರಿಯೂ ಲೋಹದ ಎಳೆಯೇ, ಅದೊಂದು ಬೇಡ ಎಂದು ಕೈಮುಗಿದ ಮೇಲೆ ಹಸಿರು ಮಖಮಲ್ಲು ಹಾಸಿದರು. ಉಳಿದ ಅಂಗಡಿಗಳಿಗೂ ಮಣೆ ಹಾಕುತ್ತ ಸಿಂಧನೂರಿಗೆ ಮರಳಿ ಬಂದರೆ ಕಿರಾಣಿ ಅಂಗಡಿಯವನು ಮಣೆಗೂ ಒಂದು ಕಾಯಿ ಒಡೆದು, ಮೊದಲ ಚೂರು ನನಗೇ ಕೊಟ್ಟ.

ಮರುದಿನ ಮ್ಯಾನೇಜರು ಬಂದರು. ನಾನೂ ಗಂಡನೂ ಅವರ ಜೊತೆ ಕಾರಿನಲ್ಲಿ ಕೂತು ಅಂಗಡಿಯಿಂದ ಅಂಗಡಿಗೆ ಹೋದೆವು. ಒಂದೊಂದು ಅಂಗಡಿಯ ಮೆಟ್ಟಿಲು ಹತ್ತುವಾಗಲೂ ನನ್ನ ಕಣ್ಣು ಮೊದಲು ಗಲ್ಲಾದ ಕಡೆಗೇ ಹೋಗುತ್ತಿತ್ತು. ಸಿಂಧನೂರಿನಲ್ಲಿ ಮುಟ್ಟಿಸಿದರು, ನಡೆಯಿತು. ಮಸ್ಕಿಯಲ್ಲಿ ನಡೆಯಿತು. ಎಲ್ಲ ಕಡೆ ಗಲ್ಲಾ, ಗಲ್ಲಾದ ಮೇಲೆ ಮಣೆ, ಮಣೆಯ ಮೇಲೆ ಕುಂಕುಮದ ಪ್ಲೇಟು ಕಂಡು ಅವರಿಗೆ ಸೋಜಿಗ. ಇದೇನು ಡಿಸೈನು, ನಾವು ಕೊಟ್ಟದ್ದಲ್ಲವಲ್ಲ ಎಂದು ಕೇಳಿದರು. ಇದು ನಮ್ಮ ಕಡೆಯ ಪದ್ಧತಿ ಎಂದೆ. ಸುಳ್ಳೇನೂ ಅಲ್ಲ. ಒಂದು ಅಂಗಡಿಯಲ್ಲಿ ಅವರು ಫೋಟೋ ತೆಗೆದುಕೊಂಡರು. ಇನ್ನೊಂದು ಕಡೆ ಪಕ್ಕದ ಅಂಗಡಿಯವರೇ ಬಂದು ನಮಗೂ ಇದು ಬೇಕು, ಮಣೆ ಸಮೇತ ಬೇಕು ಎಂದು ಅವರ ಎದುರೇ ನನ್ನನ್ನು ಪೀಡಿಸಿದರು. ನನಗೆ ಅವರನ್ನು ತಬ್ಬಿಕೊಳ್ಳುವಷ್ಟು ಆನಂದವಾಯಿತು.

ಕೊನೆಯದು ಚಾಚಾ ಅಂಗಡಿ. ಅಲ್ಲಿಯೂ ಮುಟ್ಟಿಸಿ, ಹೊರಗೆ ಬಂದು, ಕಾರಿನ ಬಾನೆಟ್ಟಿನ ಮೇಲೆ ಚೀಲ ಇಟ್ಟು, ಆಯಿತು, ಮೂರೂ ತಾಲೂಕು ನಿಮ್ಮದು ಎಂದರು. ನನ್ನ ಕಾಲು ನೆಲದ ಮೇಲಿರಲಿಲ್ಲ. ಅವರು ಅರ್ಜಿ ತೆಗೆದು, ಪೆನ್ನು ಬಿಚ್ಚಿ, ರೂಢಿಯಂತೆ ನನ್ನ ಗಂಡನ ಕಡೆ ತಿರುಗಿ, ಡೀಲರ್ ಹೆಸರು ಹೇಳಿ ಸರ್ ಎಂದರು.

ಇಷ್ಟೆಲ್ಲ ಆಗಿ ಮತ್ತೆ ಅದೇ ಬೋರ್ಡು, ಅದೇ ಬಿಲ್ಲು. ಇಲ್ಲ, ನಾನು ಎಂದು ಹೇಳಬೇಕೆನ್ನುವಷ್ಟರಲ್ಲಿ ನನ್ನ ಗಂಡ ಎರಡು ಹೆಜ್ಜೆ ಹಿಂದೆ ಸರಿದು, ಕೈ ಬೆನ್ನಿಗೆ ಕಟ್ಟಿಕೊಂಡರು.

"ಆಕಿನ್ನ ಕೇಳ್ರಿ ಸರ. ನಾ ಬರೇ ಗಾಡಿ ಹೊಡಿಯಾಂವ" ಎಂದರು.

ಮ್ಯಾನೇಜರು ನನ್ನ ಕಡೆ ತಿರುಗಿದರು. ಈ ಭಾಗದಲ್ಲಿ ಮನೆಗೊಬ್ಬರಿಗಾದರೂ ಇರುವ ಸಾದಾ ಹೆಸರು ನನ್ನದು, ಬರೆಯಲು ಯಾರಿಗೂ ಕಷ್ಟವಿಲ್ಲ. ಆದರೂ ಒಂದೊಂದೇ ಅಕ್ಷರ ಬಿಡಿಸಿ ಹೇಳಿದೆ, ಅವರು ಬರೆದು ಮುಗಿಸುವವರೆಗೂ ಪೆನ್ನಿನ ತುದಿಯಿಂದ ಕಣ್ಣು ತೆಗೆಯಲಿಲ್ಲ.