ಚೌಕದೊಳಗೆ ಕಾಣದ ಭಟ್ಟಿ

ಗ್ಯಾಸ್ ಲೈಟರ್ ಇವತ್ತೂ ಕೈಕೊಟ್ಟಿತು. ಬೆಂಕಿಕಡ್ಡಿ ಗೀರಿದೆ. ಆ ಮೊದಲ ಘಾಟು ಮೂಗಿಗೆ ಬಡಿಯುತ್ತದಲ್ಲ, ಅದರಲ್ಲಿ ಗಂಧಕವಿದೆ. ನಿಮಗೆ ಆ ವಾಸನೆಗೆ ದೇವರ ಮನೆಯೋ ದೀಪಾವಳಿಯೋ ನೆನಪಾಗಬಹುದು. ನನಗೆ ಮಾತ್ರ ನಾಚಿಕೆಯಾಗುತ್ತದೆ.

ಗಂಧಕ ನನ್ನ ಅನ್ನದ ದಾರಿ. ದೊಡ್ಡಬಳ್ಳಾಪುರದಿಂದ ಬೆಂಗಳೂರಿಗೆ ಬಸ್ಸಿನಲ್ಲಿ ಹೋಗಿ, ಗಾಳಿಯಲ್ಲಿನ ಸಲ್ಫೇಟ್ ಎಂಬ ಸಣ್ಣ ಧೂಳು ಯಾವ ಸೀಮೆಯಿಂದ ಬಂತೆಂದು ಕಂಪ್ಯೂಟರಿನಲ್ಲಿ ಹುಡುಕುವುದು ನನ್ನ ಕೆಲಸ. ಕಲ್ಲಿದ್ದಲು ಉರಿದಾಗ ಹೊರಡುವ ಗಂಧಕದ ಅನಿಲ ದಾರಿಯುದ್ದಕ್ಕೂ ಧೂಳಾಗುತ್ತಾ ನೂರಾರು ಮೈಲಿ ಬರುತ್ತದೆ. ಕಂಪ್ಯೂಟರಿಗೆ ಗಾಳಿಯ ಲೆಕ್ಕ, ಚಿಮಣಿಗಳ ಲೆಕ್ಕ ಎರಡನ್ನೂ ಕೊಟ್ಟು, ಒಂದೊಂದು ಸೀಮೆಯ ಚಿಮಣಿಗಳನ್ನು ಸುಳ್ಳುಸುಳ್ಳೇ ನಂದಿಸಿ ನೋಡುತ್ತೇವೆ. ಯಾವುದನ್ನು ನಂದಿಸಿದರೆ ನಮ್ಮೂರಿನ ಧೂಳು ಎಷ್ಟು ಇಳಿಯಿತೋ ಅದರ ಪಾಲು ಅಷ್ಟು. ಕೇಳುವುದಕ್ಕೆ ಭಾರಿ ವಿದ್ಯೆ. ನೆಂಟರ ಮದುವೆಗಳಲ್ಲಿ ಹೇಳಿಕೊಂಡು ತಿರುಗುವುದಕ್ಕೂ ಚೆನ್ನಾಗಿತ್ತು.

ನಾನಿರುವುದು ದೊಡ್ಡಮ್ಮನ ಜೊತೆ. ನಮ್ಮ ಅಡುಗೆಮನೆಯ ಕಿಟಕಿ ಪಕ್ಕದ ಖುರ್ಷಿದಾ ಆಂಟಿಯ ಹಿತ್ತಲಿಗೆ ತೆರೆಯುತ್ತದೆ. ಅಲ್ಲಿ ಸೌದೆಯ ಭಟ್ಟಿ. ಟೀ ಅಂಗಡಿಗಳಿಗೆ ಬನ್ನು, ರಸ್ಕು ಹೋಗುವುದು ಅಲ್ಲಿಂದಲೇ. ಕರಿಬೇವು ಆ ಕಡೆಗೆ, ಬಿಸಿ ಬನ್ನು ಈ ಕಡೆಗೆ, ನಡುವೆ ಊರಿನವರೆಲ್ಲರ ಸುದ್ದಿ. ಹೀಗೆ ಆ ಕಿಟಕಿ ವರ್ಷಾನುಗಟ್ಟಲೆ ನಡೆದಿತ್ತು. ಆಮೇಲೆ ದೊಡ್ಡಮ್ಮನಿಗೆ ಕೆಮ್ಮು ಹತ್ತಿತು. ಹೊಗೆಯಿಂದ ದೂರವಿರಿ ಎಂದರು ಡಾಕ್ಟರು. ದೊಡ್ಡಮ್ಮ ಮನೆಗೆ ಬಂದವಳೇ ಕಿಟಕಿಯಲ್ಲಿ ನಿಂತು, "ನಿನ್ನ ಭಟ್ಟಿ ನನ್ನ ಪ್ರಾಣ ತೆಗೀತೈತೆ ಕಣೇ" ಎಂದು ಕೂಗಿ, ಕಿಟಕಿಯ ಬಾಗಿಲಿಗೆ ಮೊಳೆ ಹೊಡೆದುಬಿಟ್ಟಳು. ಮಳೆಗಾಲ ಕಳೆದು ಚಳಿ ಬಂದರೂ ಇಬ್ಬರಿಗೂ ಮಾತಿಲ್ಲ.

ಆಗ ನಾನು ಲ್ಯಾಪ್‌ಟಾಪ್ ತಂದೆ. ರಾಜಿ ಮಾಡಿಸುವ ಆಸೆ ಇತ್ತು, ನಿಜ. ಅದಕ್ಕಿಂತ ಹೆಚ್ಚು ನನ್ನ ಬಣ್ಣಬಣ್ಣದ ನಕಾಶೆಯನ್ನು ಮನೆಯಲ್ಲಿ ಒಬ್ಬರಾದರೂ ನೋಡಲಿ ಎಂಬ ಚಪಲ.

"ಈ ಬಾಣ ಯಾವ್ದು?"

"ಗಾಳಿ ದೊಡ್ಡಮ್ಮ. ಚಳಿಗಾಲದಲ್ಲಿ ಈಶಾನ್ಯದಿಂದ ಬರುತ್ತೆ. ಅಲ್ಲಿನ ಕಲ್ಲಿದ್ದಲ ಹೊಗೆನೂ ಹೊತ್ಕೊಂಡು ಬರುತ್ತೆ."

"ಅಷ್ಟು ದೂರದ್ದಾ? ಹಂಗಾದ್ರೆ ನನ್ ಕೆಮ್ಮು ಖುರ್ಷಿದಾ ಭಟ್ಟಿಯಿಂದಲ್ವಾ?"

ಇಲ್ಲಿ ನಾನು ಉಸಿರು ಹಿಡಿದು ಎರಡು ಮಾತು ಹೇಳಬೇಕಿತ್ತು. ಕಂಪ್ಯೂಟರು ನಾಡನ್ನು ಮೈಲಿಗಟ್ಟಲೆ ಅಗಲದ ಚೌಕಗಳಾಗಿ ಹಂಚಿಕೊಂಡು ನೋಡುತ್ತದೆ, ನನ್ನ ನಕಾಶೆಯ ಒಂದೇ ಚೌಕದಲ್ಲಿ ರಾಜಘಟ್ಟ, ದೊಡ್ಡಬಳ್ಳಾಪುರ, ದೇವನಹಳ್ಳಿ ಎಲ್ಲವೂ ಮುಳುಗಿಹೋಗಿವೆ, ಹಿತ್ತಲ ಭಟ್ಟಿ ಅದಕ್ಕೆ ಕಾಣುವುದೇ ಇಲ್ಲ. ನಾನು ಹುಡುಕಿದ್ದು ಸಲ್ಫೇಟನ್ನು ಮಾತ್ರ, ಸೌದೆಯ ಮಸಿ ಬೇರೆಯೇ ಜಾತಿ. ಅದನ್ನೆಲ್ಲ ಬಿಟ್ಟು, "ಅಲ್ಲ" ಎಂದೆ.

ಯಾರ ಮುಂದೆಯೂ ತಲೆ ತಗ್ಗಿಸದ ದೊಡ್ಡಮ್ಮ ಎದ್ದು ಮೊಳೆ ಕಿತ್ತಳು. "ತಪ್ಪಾಯ್ತು ಕಣೇ ಖುರ್ಷಿದಾ. ನಮ್ಮುಡುಗಿ ಕಂಪ್ಯೂಟರ್ನಾಗೆ ನೋಡವ್ಳೆ, ನಿಂದಲ್ವಂತೆ." ಆಂಟಿ ಸೆರಗಿನಲ್ಲಿ ಕಣ್ಣೊರೆಸಿಕೊಂಡರು. ಮಾರನೆಯ ದಿನದಿಂದ ನನಗೆಂದೇ ಒಂದು ಬನ್ನು ಹೆಚ್ಚಿಗೆ ಬರತೊಡಗಿತು. ನಾನು ಬೆಣ್ಣೆ ಹಚ್ಚಿಕೊಂಡು ತಿಂದೆ.

ಕೆಮ್ಮು ಮಾತ್ರ ಜೋರಾಯಿತು. ಸಂಜೆ ಭಟ್ಟಿ ಹೊತ್ತಿಸುವ ಹೊತ್ತಿಗೇ ದೊಡ್ಡಮ್ಮ ತೆರೆದ ಕಿಟಕಿಯ ಬಳಿ ಕೂತು, ಎದೆ ಒತ್ತಿಕೊಂಡು ಕೆಮ್ಮುತ್ತಾ, "ದೂರದ ಹೊಗೆ ಕಣೇ, ನಾವೇನ್ ಮಾಡಕ್ಕಾಯ್ತದೆ" ಎನ್ನುತ್ತಿದ್ದಳು. ನನ್ನ ಮಾತನ್ನೇ ನನಗೆ ತಿರುಗಿ ಹೇಳುತ್ತಿದ್ದಳು, ಅದೂ ನಂಬಿಕೆಯಿಂದ. ಆ ಮಾತು ಕೇಳಿದಾಗ ಆದ ನಾಚಿಕೆ ಯಾರು ಬೈದಾಗಲೂ ಆಗಿರಲಿಲ್ಲ.

ಒಂದು ಸಂಜೆ ತಡೆಯಲಾರದೆ ಕಿಟಕಿ ಎಳೆದೆ.

"ಯಾಕೇ ಮುಚ್ತೀಯ? ಅವಳೇನಂದ್ಕೊಂಡಾಳು?"

ಕಿಟಕಿ ಅರ್ಧ ಹಿಡಿದುಕೊಂಡೇ ಇಬ್ಬರಿಗೂ ಕೇಳುವಂತೆ ಹೇಳಿದೆ. ನನ್ನ ಕಂಪ್ಯೂಟರು ಭಟ್ಟಿಯನ್ನು ನೋಡಿಯೇ ಇಲ್ಲ, ದೂರದ ಹೊಗೆಯೂ ನಿಜ, ಈ ಹೊಗೆಯೂ ನಿಜ, ಕೆಮ್ಮಿಗೆ ಎರಡೂ ಸಾಕು ಎಂದೆ.

"ಹಂಗಾದ್ರೆ ನಾನು ತಪ್ಪಾಯ್ತು ಅಂದಿದ್ದು?" ಎಂದಳು ದೊಡ್ಡಮ್ಮ.

"ಅಂದಿದ್ದು ಅಂದಾಯ್ತು ಅಕ್ಕಾ," ಎಂದರು ಆಂಟಿ ಆ ಕಡೆಯಿಂದ. "ನಾನಂತೂ ವಾಪಸ್ ಕೊಡಲ್ಲ."

ದೊಡ್ಡಮ್ಮ ನಕ್ಕಳು, ನಗು ಕೆಮ್ಮಾಯಿತು. ನನ್ನನ್ನು ಯಾರೂ ಒಂದು ಮಾತು ಅನ್ನಲಿಲ್ಲ. ಬೈದಿದ್ದರೆ ಹಗುರವಾಗುತ್ತಿತ್ತೇನೋ.

ಈಗ ಕಾಫಿಗೆ ನೀರಿಟ್ಟಿದ್ದೇನೆ, ಕಡ್ಡಿಯ ಘಾಟು ಇನ್ನೂ ಹೋಗಿಲ್ಲ. ಗೋಡೆಯ ಮೇಲೆ ಲಟ್ಟಣಿಗೆಯ ಸದ್ದು, ಟಕ್ ಟಕ್. ಭಟ್ಟಿ ಹೊತ್ತಿಸುವ ಮುಂಚೆ ಆಂಟಿ ಈಗ ದಿನವೂ ಹೀಗೆ ತಟ್ಟುತ್ತಾರೆ. ಹೊಗೆ ಇಳಿದ ಮೇಲೆ ಇನ್ನೊಮ್ಮೆ ತಟ್ಟುತ್ತಾರೆ, ಆಗ ತೆಗೆಯುತ್ತೇವೆ. ಒಳಗಿನಿಂದ ದೊಡ್ಡಮ್ಮ, "ತಟ್ಟಿದ್ಲು ಕಣೇ, ಕೇಳಿಸ್ತಾ?" ಎನ್ನುತ್ತಾಳೆ. ಕೇಳಿಸಿತು. ಮುಖ ಬಿಸಿಯಾಗುತ್ತದೆ. ನಾನು ಹೋಗಿ ಕಿಟಕಿ ಮುಚ್ಚುತ್ತೇನೆ.