ಹುಳು ಮನೆಯ ಬಾಗಿಲಿಂದ ರಾಕೆಟ್ಟಿನ ಊರಿಗೆ

ಮರಳುಗಾಡಿನ ಊರೊಂದಕ್ಕೆ ನಾನು ಜೀವಮಾನದಲ್ಲಿ ಒಂದೇ ಸಲ ಹೋಗಿದ್ದೇನೆ. ಊರು ನೋಡಲಿಕ್ಕೆ ಹೋದವನಲ್ಲ, ಭಾವನಿಗೆ ಒಂದು ಮಾತು ಹೇಳಲಿಕ್ಕೆ ಹೋದವನು. ಹೇಳದೆ ವಾಪಸು ಬಂದೆ.

ನಮ್ಮದು ಶಿಡ್ಲಘಟ್ಟದ ಪಕ್ಕದ ಹಳ್ಳಿ. ಅಪ್ಪ ತೀರಿಕೊಂಡಾಗ ನಾನು ನಾಲ್ಕನೇ ಕ್ಲಾಸು. ಮಾರನೇ ತಿಂಗಳು ಸ್ಲೇಟು ಅಟ್ಟಕ್ಕೆ ಹಾಕಿ ಹಿಪ್ಪುನೇರಳೆ ತೋಟಕ್ಕೆ ಇಳಿದೆ. ಯಾರೂ ಬಲವಂತ ಮಾಡಲಿಲ್ಲ. ಹದಿನೆಂಟು ತುಂಬುವಷ್ಟರಲ್ಲಿ ನಮ್ಮ ಸುತ್ತಮುತ್ತ ನನ್ನಷ್ಟು ಚೆನ್ನಾಗಿ ರೇಷ್ಮೆ ಹುಳು ಸಾಕುವವರು ಇಲ್ಲ ಅನ್ನಿಸಿಕೊಂಡಿದ್ದೆ. ಜಂಬ ಅಂದರೆ ಜಂಬವೇ, ಆದರೆ ಕೈಯಿಂದ ದುಡಿದು ಬಂದ ಜಂಬ.

ಆ ಕಾಲಕ್ಕೆ ಹುಳುವಿಗೆ ಬೇರೆ ಮನೆ ಕಟ್ಟುವ ಶಕ್ತಿ ಇದ್ದವರು ಕಮ್ಮಿ. ನಾವಿರುವ ಮನೆಯೇ ಹುಳು ಮನೆ. ನಡುಮನೆಯಲ್ಲಿ ಅಟ್ಟಣಿಗೆ ಕಟ್ಟಿ, ಸಗಣಿ ಬಳಿದ ಬಿದಿರು ತಟ್ಟೆಗಳನ್ನು ಸೂರಿನವರೆಗೂ ಜೋಡಿಸುತ್ತಿದ್ದೆವು. ಹುಳು ಪೊರೆ ಬಿಡುವುದಕ್ಕೆ ನಾವು ಜ್ವರ ಅನ್ನುತ್ತೇವೆ. ನಾಲ್ಕು ಜ್ವರ ದಾಟಿದರೆ ಹುಳು ಹಣ್ಣಾಗಿ ಗೂಡು ಕಟ್ಟುತ್ತದೆ. ನಾಲ್ಕನೇ ಜ್ವರ ಎದ್ದ ಮೇಲೆ ಹೊರಗಿನವರು ಯಾರೂ ಹೊಸ್ತಿಲು ದಾಟುವಂತಿಲ್ಲ. ಬೀಡಿ ವಾಸನೆ, ಸೀಮೆಎಣ್ಣೆ ವಾಸನೆ, ಪರವೂರಿನ ಧೂಳು ಯಾವುದೂ ಒಳಗೆ ಬರಬಾರದು. ಅಪ್ಪನ ಕಾಲದಲ್ಲಿ ಯಾರೋ ಹೊಗೆಸೊಪ್ಪು ತಿಕ್ಕಿದ ಕೈಯಲ್ಲಿ ಸೊಪ್ಪು ಹಾಕಿ ಒಂದಿಡೀ ಬೆಳೆ ಕಪ್ಪಾಗಿ ಸತ್ತಿತ್ತು. ಅದಕ್ಕೇ ಈ ಕಟ್ಟು. ಅಪ್ಪನಿಗಿಂತ ಬಿಗಿಯಾಗಿ ನಾನು ಅದನ್ನು ಹಿಡಿದಿದ್ದೆ.

ಅಕ್ಕನನ್ನು ಕೊಟ್ಟಿದ್ದು ತೊಂಡೇಬಾವಿ ಕಡೆಗೆ. ಭಾವ ಫಿಟ್ಟರ್ ಕೆಲಸ ಕಲಿತವರು. ಬೆಂಗಳೂರಿನಲ್ಲಿ ಒಂದೆರಡು ವರ್ಷ ಇದ್ದು, ಆಮೇಲೆ ಸರ್ಕಾರದ ಕೆಲಸ ಸಿಕ್ಕಿ ಉತ್ತರದ ಮರಳುಗಾಡಿಗೆ ಹೋದರು. ಅಲ್ಲಿ ರಾಕೆಟ್ ಹಾರಿಸಿ ನೋಡುತ್ತಾರಂತೆ, ಅದರ ಕಬ್ಬಿಣದ ಕೆಲಸ ಇವರದ್ದಂತೆ. ಅಕ್ಕನನ್ನೂ ಕರೆದುಕೊಂಡು ಹೋದರು. ರಾಕೆಟ್ ಅಂದರೆ ನಮ್ಮೂರವರಿಗೆ ದೀಪಾವಳಿಯ ಬಾಣ. "ನಿಮ್ಮ ಭಾವ ಬಾಣ ಹಚ್ಚೋ ಕೆಲಸಕ್ಕೆ ಅಷ್ಟು ದೂರ ಹೋದ್ನೇನೋ?" ಎಂದು ನನ್ನನ್ನು ರೇಗಿಸುತ್ತಿದ್ದರು.

ಐವತ್ತರ ದಶಕದ ಕೊನೆ ಇರಬೇಕು. ನಾಲ್ಕನೇ ಜ್ವರ ಎದ್ದು ಎರಡು ದಿನ ಆಗಿತ್ತು. ಹುಳು ಸೊಪ್ಪು ತಿನ್ನುವ ಸದ್ದು ಮನೆಯೆಲ್ಲ ತುಂಬಿತ್ತು. ಅಮ್ಮ ಸೊಪ್ಪು ಕೊಯ್ಯಲು ತೋಟಕ್ಕೆ ಹೋಗಿದ್ದಳು. ಮಧ್ಯಾಹ್ನದ ಹೊತ್ತಿಗೆ ಬಾಗಿಲಲ್ಲಿ ಭಾವ ನಿಂತಿದ್ದರು, ಒಬ್ಬರೇ. ಖಾಕಿ ಕೋಟು, ತಗಡಿನ ಪೆಟ್ಟಿಗೆ. ನಾಲ್ಕು ದಿನದ ಪ್ರಯಾಣದ ಕೊಳೆ, ಅದರ ಮೇಲೆ ಮೂಗು ಸುಡುವಂಥ ಸಿಡಿಮದ್ದಿನ ವಾಸನೆ. ನನಗೆ ಮನುಷ್ಯ ಕಾಣಿಸಲಿಲ್ಲ, ವಾಸನೆ ಕಾಣಿಸಿತು. ಎರಡೂ ಕೈ ಬಾಗಿಲಿಗೆ ಅಡ್ಡ ಹಿಡಿದೆ.

"ಭಾವ, ಜಗಲಿ ಮೇಲೆ ಕೂತ್ಕೊಳ್ಳಿ. ಒಳಗೆ ಹುಳು."

"ಕಾಲು ತೊಳ್ಕೊಂಡು ಬರ್ತೀನಪ್ಪ."

"ಬೇಡಿ ಭಾವ. ಆ ಕೋಟಿನ ವಾಸನೆ ಆಗಲ್ಲ. ನೀರು ಇಲ್ಲಿಗೇ ತಂದ್ಕೊಡ್ತೀನಿ."

ಅವರು ನಕ್ಕರು. "ನಾನೇನು ಹಲ್ಲೀನೇನಪ್ಪ, ನಿಮ್ಮ ಹುಳ ಹಿಡ್ಕೊಂಡು ತಿನ್ನೋಕೆ?"

ನಾನೂ ನಕ್ಕುಬಿಟ್ಟಿದ್ದರೆ ಮುಗಿದುಹೋಗುತ್ತಿತ್ತು. ಕೋಟು ಬಿಚ್ಚಿ ಬಾವಿಯ ಹತ್ತಿರ ಸ್ನಾನ ಮಾಡಿ ಎನ್ನಬಹುದಿತ್ತು, ಅಪ್ಪನ ಪಂಚೆ ಕೊಡಬಹುದಿತ್ತು. ಅದೆಲ್ಲ ಆಮೇಲೆ ತೋಚಿದ್ದು. ಆಗ ನಾನಂದದ್ದು, "ಈ ಮನೇಲಿ ಕಟ್ಟು ಅಂದ್ರೆ ಕಟ್ಟೇ. ಅಳಿಯ ಅಂತ ಬೇರೆ ಇಲ್ಲ."

ನೀರು ತರಲು ಒಳಗೆ ಹೋದೆ. ತಟ್ಟೆಯೊಂದರಲ್ಲಿ ಹುಳು ಗುಂಪುಗಟ್ಟಿದ್ದವು. ಬಿಡಿಸಿ ಸೊಪ್ಪು ಹರಡಿ ಚೊಂಬು ಹಿಡಿದು ಬರುವಷ್ಟರಲ್ಲಿ ಜಗಲಿ ಖಾಲಿ. ತೋಟದಿಂದ ಬಂದ ಅಮ್ಮ ಸಂಗತಿ ಕೇಳಿ, ಸೊಪ್ಪಿನ ಹೊರೆಯನ್ನು ಅಂಗಳದಲ್ಲಿ ಬಿಸಾಕಿ, ಬರಿಗಾಲಲ್ಲಿ ರಸ್ತೆಯವರೆಗೂ ಓಡಿದಳು. ಚಿಕ್ಕಬಳ್ಳಾಪುರದ ಬಸ್ಸು ಹೋಗಿ ಎಷ್ಟೋ ಹೊತ್ತಾಗಿತ್ತು.

"ಅಳಿಯನ್ನ ಬಾಗಿಲಲ್ಲಿ ನಿಲ್ಲಿಸ್ದೇನೋ? ಕಾಲಿಗೆ ನೀರು ಕೊಡ್ದೆ?" ಎಂದಳು.

"ನೀರು ತಂದೆ. ಅವರೇ ನಿಲ್ಲಲಿಲ್ಲ."

ಆ ಸಲದ ಗೂಡು ಸೊಗಸಾಗಿ ಬಂತು. ಶಿಡ್ಲಘಟ್ಟದಲ್ಲಿ ನೂಲು ತೆಗೆಯುವ ರೀಲರುಗಳು ಮನೆ ಬಾಗಿಲಿಗೇ ಬಂದು ಗೂಡು ಕೇಳಿದರು. ನಾನು ಮಾಡಿದ್ದೇ ಸರಿ ಅಂತ ಅದೇ ನನಗೆ ಸಾಕ್ಷಿಯಾಯಿತು.

ಐದಾರು ತಿಂಗಳಿಗೆ ಒಂದು ಕಾರ್ಡು ಬಂತು, ಭಾವನ ಅಕ್ಷರ. ಹೆಣ್ಣು ಮಗು, ತಾಯಿ ಮಗು ಕ್ಷೇಮ. ಇಷ್ಟೇ. ಅಮ್ಮ ಕಾರ್ಡನ್ನು ನನ್ನ ಕೈಯಲ್ಲಿ ಎರಡು ಸಲ ಓದಿಸಿದಳು. ಆಮೇಲೆ ಒಲೆ ಮುಂದೆ ಕೂತವಳು ಬಹಳ ಹೊತ್ತು ಏಳಲಿಲ್ಲ. ಭಾವ ಆವತ್ತು ಅಷ್ಟು ದೂರದಿಂದ ಏಕೆ ಬಂದಿದ್ದರು ಅಂತ ಆಗ ಗೊತ್ತಾಯಿತು. ಚೊಚ್ಚಲ ಬಾಣಂತನ ತವರಿನದು. ಯಾವಾಗ ಕರೆದುಕೊಂಡು ಬರಲಿ ಅಂತ ಕೇಳಲು ಬಂದವರು, ಹೇಳದೆ ಹೋಗಿದ್ದರು. ಅಕ್ಕನಿಗೆ ಅಕ್ಷರ ಬಾರದು. ಅವರು ಬರೆಯದಿದ್ದರೆ ಸುದ್ದಿಯೇ ಇಲ್ಲ.

ಮಧ್ಯೆ ಒಂದು ಸಲ ಭಾವನ ತಮ್ಮನ ಮದುವೆಗೆ ಅವರೆಲ್ಲ ತೊಂಡೇಬಾವಿಗೆ ಬಂದಿದ್ದರು. ನಮಗೆ ಲಗ್ನಪತ್ರಿಕೆ ಬಂದಿದ್ದು ಅಂಚೆಯಲ್ಲಿ. ಕುಂಕುಮ ಹಿಡಿದು ಯಾರೂ ಮನೆಗೆ ಬಂದು ಕರೆಯಲಿಲ್ಲ. "ಕರೆಯೋ ರೀತೀಲಿ ಕರೆದಿದ್ರೆ ಹೋಗ್ಬಹುದಿತ್ತು," ಅಂದೆ. ಹೊರಟು ನಿಂತಿದ್ದ ಅಮ್ಮನನ್ನೂ ತಡೆದೆ. ಎರಡು ಗಂಟೆ ದಾರಿಯಲ್ಲಿ ಮಗಳು, ಮೊಮ್ಮಗಳು ಬಂದು ಹೋದರು. ಬಳೆಗಾರನ ಬಾಯಲ್ಲಿ ಅಮ್ಮ ಕೇಳಿ ತಿಳಿದುಕೊಂಡಳು, ಮಗು ಕಪ್ಪೋ ಬಿಳುಪೋ ಅಂತ.

ನಾಲ್ಕು ವರ್ಷ ಕಳೆದ ಮೇಲೆ ಒಂದು ದಿನ ಅಮ್ಮ ತಾನೇ ಗಂಟು ಕಟ್ಟಿ ನನ್ನ ಮುಂದೆ ಇಟ್ಟಳು. ರಾಗಿಹಿಟ್ಟು, ಹುಣಸೆಹಣ್ಣು, ಅವರೆಕಾಳು, ಸೀರೆ ಕುಪ್ಪಸ, ಕುಂಕುಮದ ಪೊಟ್ಟಣ, ಅಡಿಕೆ, ಒಣಕೊಬ್ಬರಿ.

"ಅಕ್ಕನ ಕೈಗೆ ಕುಂಕುಮ ಕೊಡು. ಅಡಿಕೆ ಕೊಬ್ಬರಿ ಭಾವನ ಕೈಲಿಟ್ಟು, ಎರಡೂ ಕೈ ಹಿಡ್ಕೊಂಡು, ತಪ್ಪಾಯ್ತು ಮನೆಗೆ ಬನ್ನಿ ಅನ್ನು. ಅಷ್ಟೇ ಕಣೋ. ನಿನ್ನ ಗಂಟು ಹೋಗೋದೇನಿಲ್ಲ."

ಗೌರಿಬಿದನೂರಿನಲ್ಲಿ ರೈಲು ಹತ್ತಿದೆ. ಗುಂತಕಲ್ಲು ದಾಟಿದ ಮೇಲೆ ನನಗೆ ಬರುತ್ತಿದ್ದ ಎರಡು ಭಾಷೆಯೂ, ಕನ್ನಡ ತೆಲುಗು ಎರಡೂ, ಉಪಯೋಗಕ್ಕೆ ಬರಲಿಲ್ಲ. ವಿಳಾಸದ ಚೀಟಿ ತೋರಿಸಿ ತೋರಿಸಿ, ನಾಲ್ಕನೇ ದಿನ ಇಳಿದೆ. ಇಳಿದವನು ನಾನೊಬ್ಬನೇ.

ಊರು ಎಂದರೆ ಒಂದು ಬೀದಿ. ಅಂಗಡಿಗಳಲ್ಲಿ ಮುಕ್ಕಾಲು ಪಾಲು ಬಾಗಿಲು ಹಾಕಿದ್ದವು. ಅರ್ಧ ಬಾಗಿಲಿನ ಮಟ್ಟಕ್ಕೆ ಮರಳು ಬಂದು ನಿಂತಿತ್ತು. ಬೀದಿಯ ಕೊನೆಗೆ ಒಂದೇ ಸಮ ಕಟ್ಟಿದ ಸರ್ಕಾರಿ ಮನೆಗಳ ಸಾಲು, ಎತ್ತರದ ಕಂಬದ ಮೇಲೆ ತುಕ್ಕು ಹಿಡಿದ ಸೈರನ್ನು. ರಾಕೆಟ್ ಹಾರಿಸುವುದು ನಿಂತು ಒಂದೂವರೆ ವರ್ಷವಾಗಿತ್ತಂತೆ. ಕೆಲಸವನ್ನು ಬೇರೆ ಕಡೆಗೆ ಒಯ್ದಿದ್ದರು. ಉಳಿದ ಕಬ್ಬಿಣ ಕಾಯಲು ನಾಲ್ಕೈದು ಜನ ಇದ್ದರು, ಅವರಲ್ಲಿ ನಮ್ಮ ಭಾವ ಒಬ್ಬರು.

ಅಕ್ಕ ಬಾಗಿಲು ತೆರೆದವಳು ಒಂದು ಗಳಿಗೆ ನೋಡಿ, "ಅಯ್ಯೋ, ಎಷ್ಟು ಕರ್ರಗಾಗಿದೀಯೋ!" ಎಂದು ನನ್ನ ರಟ್ಟೆ ಹಿಡಿದು ಒಳಗೆ ಎಳೆದುಕೊಂಡಳು. ನಾನು ಕಾಲನ್ನೂ ತೊಳೆದಿರಲಿಲ್ಲ. ರಾಗಿಹಿಟ್ಟಿನ ಗಂಟು ಬಿಚ್ಚಿ ಮುಖ ಅದರ ಹತ್ತಿರ ಹಿಡಿದು ಕೂತಳು. ಮಗು ಗೋಡೆಗೆ ಒರಗಿ ನಿಂತು ನನ್ನನ್ನು ಏನೋ ಕೇಳಿತು.

"ನೀನ್ಯಾರು ಅಂತ ಕೇಳ್ತಿದಾಳೆ," ಅಂದಳು ಅಕ್ಕ. "ಸೋದರಮಾವ ಅಂದ್ರೆ ಗೊತ್ತಾಗಲ್ಲ ಅವಳಿಗೆ. ನೋಡಿದ್ರೆ ತಾನೆ."

ಭಾವ ಬಂದರು. ತಲೆ ಅಲ್ಲಲ್ಲಿ ನರೆತಿತ್ತು. ಮುಖ ಗಂಟಿಕ್ಕಲಿಲ್ಲ. "ಬಾರಪ್ಪ, ಕೂತ್ಕೊ. ಇಲ್ಲಿ ಹುಳ ಗಿಳ ಏನೂ ಇಲ್ಲ," ಅಂದರು. ಅಕ್ಕ ಅವರನ್ನು ನೋಡಿದಳು. ನಾನು ಕುಂಕುಮದ ಪೊಟ್ಟಣ, ಸೀರೆ ಅಕ್ಕನಿಗೆ ಕೊಟ್ಟೆ. ಅಡಿಕೆ ಕೊಬ್ಬರಿ ಚೀಲದಲ್ಲೇ ಉಳಿಯಿತು. ನಾಳೆ ಕೊಟ್ಟರಾಯಿತು ಅಂದುಕೊಂಡೆ.

ಅಕ್ಕ ಮುದ್ದೆ ಮಾಡಿದಳು. ಮಗು ಮುದ್ದೆಯನ್ನು ನೆಲದ ಮೇಲೆ ಉರುಳಿಸಲು ಹೋಗಿ ಬೈಸಿಕೊಂಡಿತು. ಊಟ ಮಾಡುತ್ತಾ ಅಕ್ಕ ರಾಕೆಟ್ ಹಾರಿಸುತ್ತಿದ್ದ ಕಾಲದ ಸುದ್ದಿ ಹೇಳಿದಳು. ಸೈರನ್ನು ಕೂಗಿದರೆ ಎಲ್ಲರೂ ಮನೆ ಬಿಟ್ಟು ದೂರದ ಮರಳು ಗುಂಡಿಗಳಲ್ಲಿ ಹೋಗಿ ಕೂರಬೇಕಿತ್ತಂತೆ. ಒಲೆ ಮೇಲೆ ಅನ್ನ ಇದ್ದರೂ ಸರಿ, ಮೈಯಲ್ಲಿ ಜ್ವರ ಇದ್ದರೂ ಸರಿ.

"ಇವಳು ಹುಟ್ಟೋ ದಿನಾನೂ ಕೂಗ್ತು ಕಣೋ. ನೋವು ಶುರುವಾಗಿತ್ತು. ಏಳೋಕೆ ಆಗ್ಲಿಲ್ಲ. ಇವರು ಕೆಲಸದ ಜಾಗದಲ್ಲಿದ್ರು. ಸೂಲಗಿತ್ತಿ ಹೆದರಿ ಓಡೋದ್ಲು. ಪಕ್ಕದ ಮನೆ ಹೆಂಗಸು ಒಬ್ಬಳು ಕೂತಿದ್ಲು, ಅವಳ ಮಾತು ನನಗೆ ಬರದು, ನನ್ನ ಮಾತು ಅವಳಿಗೆ ಬರದು. ಅಮ್ಮಾ ಅಮ್ಮಾ ಅಂತ ಕಿರುಚಿದ್ದು ಮಾತ್ರ ಅವಳಿಗೆ ಅರ್ಥ ಆಯ್ತು."

ಭಾವ ನೀರು ಕುಡಿದು ಲೋಟ ಕೆಳಗಿಟ್ಟರು. "ಇಲ್ಲಿ ರಾಕೆಟ್ಟಿಗೆ ಮನೆಯಿಂದ ಆಚೆ ಹಾಕೋರು, ನಿಮ್ಮಲ್ಲಿ ಹುಳಕ್ಕೆ ಹಾಕ್ತಾರೆ. ಎರಡೂ ಕಡೆ ಆಚೆ ಇದ್ದೋನು ನಾನೇ," ಎಂದು ನಕ್ಕರು. ಮಾತಿನಲ್ಲಿ ವಿಷ ಇರಲಿಲ್ಲ. ಈಗ ಯೋಚಿಸಿದರೆ ಅದು ನನಗೆ ಬಾಗಿಲು ತೆರೆದು ಕೊಟ್ಟ ಮಾತು. ನನಗೆ ಚುಚ್ಚಿದ ಹಾಗಾಯಿತು.

ಮಾರನೇ ದಿನ ಬೆಳಗ್ಗೆ ರಾಕೆಟ್ ಹಾರಿಸುತ್ತಿದ್ದ ಜಾಗ ತೋರಿಸಲು ಕರೆದುಕೊಂಡು ಹೋದರು. ಅಗಲವಾದ ಸಿಮೆಂಟಿನ ಹಾಸು, ಕಣದಷ್ಟು ದೊಡ್ಡದು, ನಡುವೆ ಹೊಗೆ ಹಿಡಿದು ಕರಿಯಾಗಿತ್ತು. ಅದರ ಮೇಲೆ ಆಕಾಶಕ್ಕೆ ವಾಲಿಸಿ ನಿಲ್ಲಿಸಿದ ಎರಡು ಕಬ್ಬಿಣದ ಕಂಬಿ. ಆ ಕಂಬಿಯ ಒಂದೊಂದು ಬೋಲ್ಟನ್ನೂ ಭಾವ ಮುಟ್ಟಿ ತೋರಿಸಿದರು. "ಇದು ನಾನು ಕೂರಿಸಿದ್ದು. ಕೂದಲೆಳೆ ಆಚೀಚೆ ಆದ್ರೆ ರಾಕೆಟ್ ಎಲ್ಲಿಗೋ ಹೋಗ್ತಿತ್ತು. ನಮ್ಮ ಕಾಲದಲ್ಲಿ ಒಂದೂ ಹೋಗ್ಲಿಲ್ಲ." ಆ ದನಿ ನನಗೆ ಗುರುತು ಹತ್ತಿತು. ತಟ್ಟೆ ಮುಂದೆ ನಿಂತು ಮಾತಾಡುವಾಗ ನನ್ನದೂ ಅದೇ ದನಿ.

ಹೊರಡುವಾಗ ಅಡಿಕೆ ಕೊಬ್ಬರಿ ಅಂಗಿಯ ಜೇಬಿಗೆ ಹಾಕಿಕೊಂಡಿದ್ದೆ. ನಾವಿಬ್ಬರೇ ಇದ್ದೆವು. ಕೈ ಜೇಬಿಗೆ ಹೋಯಿತು. ಆದರೆ ಬಾಯಲ್ಲಿ ಬಂದದ್ದು ಬೇರೆ.

"ಆವತ್ತಿನ ಬೆಳೆ ನೀವು ನೋಡ್ಬೇಕಾಗಿತ್ತು ಭಾವ. ಅಂಥ ಗೂಡು ಮತ್ತೆ ಬಂದಿಲ್ಲ. ನಿಮ್ಮನ್ನ ಒಳಗೆ ಬಿಟ್ಟಿದ್ರೆ ಆ ಬೆಳೆ ಕೈಗೆ ಹತ್ತಿರ್ಲಿಲ್ಲ."

ತಪ್ಪಲ್ಲ ಅಂತ ತೋರಿಸಿಬಿಟ್ಟರೆ ತಪ್ಪಾಯ್ತು ಅನ್ನುವುದು ಸಲೀಸಾಗುತ್ತದೆ ಅಂತ ನನ್ನ ಲೆಕ್ಕ ಇತ್ತೋ ಏನೋ. ಭಾವ ಬೋಲ್ಟಿನ ಮೇಲಿದ್ದ ಕೈ ತೆಗೆದು ಪಂಚೆಗೆ ಒರೆಸಿಕೊಂಡರು.

"ಹಂಗಾದ್ರೆ ಒಳ್ಳೇದೇ ಆಯ್ತಲ್ಲಪ್ಪ. ಬಾ, ಬಿಸಿಲು ಏರ್ತಿದೆ."

ಸಂಜೆ ಅಕ್ಕ ನನ್ನನ್ನು ಹಿತ್ತಲಿಗೆ ಕರೆದಳು. "ಏನಂದೆ ಅವರಿಗೆ?"

"ಏನೂ ಇಲ್ಲ."

"ನನ್ನನ್ನ ಮಗೂನ ಕರ್ಕೊಂಡು ಹೋಗು, ತಮ್ಮದೇನೂ ತಡೆ ಇಲ್ಲ ಅಂತ ನಿನಗೆ ಹೇಳ್ತಾರಂತೆ. ನಾನು ಬರಲ್ಲ ಕಣೋ. ಅವರನ್ನ ಕರೀದೆ ಇರೋ ಮನೆಗೆ ನಾನು ಹ್ಯಾಗೆ ಬರ್ಲಿ? ಹೋಗು, ಇನ್ನೂ ಹೊತ್ತಿದೆ. ಒಳಗೇ ಕೂತಿದಾರೆ. ಒಂದು ಮಾತು ಅಷ್ಟೇ."

ಒಳಗೆ ಹೋದೆ. ಭಾವ ಮಗುವಿನ ಚಪ್ಪಲಿಯ ಉಂಗುಷ್ಟ ಹೊಲಿಯುತ್ತಿದ್ದರು. ತಲೆ ಎತ್ತಿ ನೋಡಿದರು. ನಾನು ವಾಪಸು ಹೋಗುವ ರೈಲು ಎಷ್ಟು ಗಂಟೆಗೆ ಅಂತ ಕೇಳಿದೆ.

ಊರಿಗೆ ಬಂದಾಗ ಅಮ್ಮ ನಡುಮನೆಗೆ ಸುಣ್ಣ ಹೊಡೆಸಿದ್ದಳು. ನನ್ನ ಹಿಂದೆ ಯಾರಾದರೂ ಇದ್ದಾರೋ ಅಂತ ಬಗ್ಗಿ ನೋಡಿದಳು.

"ರಜ ಸಿಗಲಿಲ್ಲ ಅಮ್ಮ. ಸರ್ಕಾರಿ ಕೆಲಸ ನೋಡು. ರಜ ಸಿಕ್ಕಿದ ಕೂಡಲೆ ಬರ್ತಾರಂತೆ."

"ಭಾವನ ಕೈ ಹಿಡ್ಕೊಂಡೆ ತಾನೆ?"

"ಹೂಂ."

ಅವಳು ನಂಬಿದಳು. ಸ್ವಲ್ಪ ದಿನ ಬಿಟ್ಟು, ಅವರಿಗೆ ರಜ ಇಲ್ಲದಿದ್ದರೆ ನಾನೇ ಹೋಗುತ್ತೇನೆ, ರೈಲಿಗೆ ಹತ್ತಿಸು ಅಂದಳು. ಅಲ್ಲಿಗೆ ಅವಳು ಹೋದರೆ ನನ್ನ ಸುಳ್ಳು ಬಯಲಾಗುತ್ತಿತ್ತು. ಈ ಬೆಳೆ ಎದ್ದುಬಿಡಲಿ ಅಂದೆ. ಹುಳುವಿನ ಬೆಳೆ ಗೊತ್ತಲ್ಲ, ಒಂದು ಮುಗಿಯುವಷ್ಟರಲ್ಲಿ ಇನ್ನೊಂದರ ಮೊಟ್ಟೆ ಮನೆಗೆ ಬಂದಿರುತ್ತದೆ. ಹೀಗೆ ಐದು ಬೆಳೆ ಎದ್ದವು. ಆರನೆಯದು ಮೂರನೇ ಜ್ವರದಲ್ಲಿದ್ದಾಗ ಅಮ್ಮ ತೋಟದಿಂದ ಬಂದು ಜಗಲಿಯ ಮೇಲೆ ಮಲಗಿದವಳು ಏಳಲಿಲ್ಲ.

ತಂತಿ ಕೊಟ್ಟೆ. ಏಳನೇ ದಿನಕ್ಕೆ ಅಕ್ಕ, ಭಾವ, ಮಗು ಮೂವರೂ ಬಂದರು. ತಿಥಿಯ ಕೆಲಸವನ್ನೆಲ್ಲ ಭಾವ ಸ್ವಂತ ಮಗನ ಹಾಗೆ ನಿಂತು ಮಾಡಿದರು. ಎಲ್ಲ ಮುಗಿದು ನೆಂಟರು ಹೋದ ಮೇಲೆ ಅಕ್ಕ ಕೇಳಿದಳು, "ಕೊನೆಗೆ ಅಮ್ಮ ಏನಾದ್ರೂ ಅಂದ್ಲೇನೋ?"

"ನಿಮಗೆ ರಜ ಸಿಕ್ತಾ ಅಂತ ಕೇಳ್ತಿದ್ಲು."

"ಯಾವ ರಜ?"

ಹೇಳಬೇಕಾಯಿತು. ಅಕ್ಕ ಅಳಲಿಲ್ಲ. "ಅಂದ್ರೆ ಅಮ್ಮ ಸರ್ಕಾರಾನ ಬೈಕೊಂಡು ಹೋದ್ಲು," ಎಂದು ಎದ್ದು ಮಗುವಿಗೆ ತಲೆ ಬಾಚಲು ಹೋದಳು.

ಗೌರಿಬಿದನೂರಿನ ಸ್ಟೇಷನ್ನಿನಲ್ಲಿ ರೈಲು ಬರುವುದಕ್ಕೆ ಮುಂಚೆ, ಜನರ ಮಧ್ಯೆ, ನಾನು ಭಾವನ ಎರಡೂ ಕೈ ಹಿಡಿದುಕೊಂಡೆ. ತಪ್ಪಾಯ್ತು ಭಾವ, ಮನೆಗೆ ಬರ್ತಿರಿ ಅಂದೆ. ಅವರು ಕೈ ಬಿಡಿಸಿಕೊಳ್ಳಲಿಲ್ಲ.

"ಬರ್ತೀವಪ್ಪ," ಅಂದರು. ಆಮೇಲೆ, "ಇಷ್ಟನ್ನ ಆವತ್ತು ಅಲ್ಲಿಗೆ ಬಂದಾಗಲೇ ಅಂದಿದ್ರೆ, ಮಗೂನ ಅತ್ತೆ ಒಂದ್ಸಲ ಎತ್ಕೊಂಡಿರೋರು," ಅಂದರು.